ಹದಿನೇಳನೇ ನಂಬರಿನ ಕಪ್‌ಗಳು

ಕೂಸಿಗೆ ಹದಿನೈದು ದಿನ ತುಂಬಿದ ಬೆಳಿಗ್ಗೆ ಹಿಡಿಗಾರನ ಫೋನಿಗೆ ಸಂಬಳದ ಚೀಟಿ ಬಂತು. ಅವನ ಎಡಗೈಯಲ್ಲಿ ಮಗಳಿದ್ದಳು, ಬಲಗೈಯಲ್ಲಿ ಒದ್ದೆ ಬಟ್ಟೆ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೆಬ್ಬೆರಳಿನಿಂದಲೇ ಫೋನು ತೆರೆದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಕಿಟಕಿಯ ಬೆಳಕಿಗೆ ಹೋಗಿ ಮೂರನೆಯ ಸಲ ಓದಿದ.

"ಏನ್ರೀ ಅದು? ಮುಖ ಯಾಕೆ ಹಾಗ್ಮಾಡ್ಕೊಂಡ್ರಿ?" ಎಂದಳು ಹೆಂಡತಿ ಮಂಚದಿಂದ. ಹೊಟ್ಟೆಯ ಹೊಲಿಗೆ ಇನ್ನೂ ಮಾಯ್ದಿರಲಿಲ್ಲ. ಎದ್ದು ಕೂರಬೇಕಾದರೆ ಈಗಲೂ ಯಾರಾದರೂ ಬೆನ್ನಿಗೆ ಆಸರೆ ಕೊಡಬೇಕಿತ್ತು.

"ಸಂಬಳ ಬಂದಿದೆ."

"ಕಡಿಮೆ ಬಂತಾ?"

"ಜಾಸ್ತಿ ಬಂದಿದೆ. ಅದೇ ಭಯ."

ಅವನ ಭಯಕ್ಕೆ ಕಾರಣವಿತ್ತು. ಅವನದು ಪಿಂಗಾಣಿ ಕಾರ್ಖಾನೆಯ ಕೆಲಸ. ಹಸಿ ಮಣ್ಣಿನ ಕಪ್ಪಿಗೆ ಹಿಡಿ ಅಂಟಿಸುವುದು, ತಳದಲ್ಲಿ ತನ್ನ ನಂಬರಿನ ಮುದ್ರೆ ಒತ್ತುವುದು. ಅವನ ನಂಬರು ಹದಿನೇಳು. ಮೂಲ ಸಂಬಳ ಚಿಕ್ಕದು. ಉಳಿದದ್ದೆಲ್ಲ ಒತ್ತಿದ ಮುದ್ರೆಗಳ ಲೆಕ್ಕ. ಅಪ್ಪನಾದವನಿಗೆ ಮೂರು ವಾರ ರಜೆ ಉಂಟು, ಆದರೆ ಆ ದಿನಗಳಿಗೆ ಮೂಲ ಸಂಬಳದಲ್ಲಿ ಅರ್ಧ ಮಾತ್ರ, ಹಿಡಿಯ ಕಾಸು ಇಲ್ಲ. ರಜೆ ಕೇಳಿದ ದಿನ ಮೇಸ್ತ್ರಿ ಈ ನಿಯಮವನ್ನು ಕೋಣೆಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿ, "ಮನೇಲಿ ಕೂತು ತೊಟ್ಟಿಲು ತೂಗೋರಿಗೆ ಇಷ್ಟೇ ಕಣಪ್ಪ" ಎಂದಿದ್ದ.

ಈಗ ನೋಡಿದರೆ ಅರ್ಧ ಮೂಲ ಸಂಬಳವೂ ಇತ್ತು, ಅದರ ಕೆಳಗೆ ಇನ್ನೊಂದು ಸಾಲೂ ಇತ್ತು: ನಂಬರು ಹದಿನೇಳು, ಹಿಡಿಗಳು ಏಳುನೂರ ಹದಿನಾಲ್ಕು. ಮೈಮುರಿದು ದುಡಿದಾಗಲೂ ಹದಿನೈದು ದಿನಕ್ಕೆ ಅವನು ಆರುನೂರು ದಾಟಿಸಿದವನಲ್ಲ. ಈ ಹದಿನೈದು ದಿನ ಅವನು ಮುಟ್ಟಿದ ಮಣ್ಣೆಂದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯದು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಳಿಯಂದಿರೇ" ಎಂದರು ಅತ್ತೆ, ಮಗುವಿನ ಬೆನ್ನು ತಟ್ಟುತ್ತ. "ಕೇಳಿದ್ರೂ ಕೊಡದವರು ಕೇಳದೇ ಕೊಟ್ರು ಅಂದ್ರೆ, ಏನೋ ಕಿತ್ಕೊಳ್ಳೋಕೇ ಕೊಟ್ಟಿರ್ತಾರೆ."

"ಅಮ್ಮಾ, ನೀನೊಬ್ಬಳು! ತಪ್ಪಾಗಿ ಬಂದಿರಬಹುದು."

"ತಪ್ಪಾಗಿ ಕಡಿಮೆ ಬರುತ್ತೆ ಕಣೇ. ತಪ್ಪಾಗಿ ಜಾಸ್ತಿ ಬಂದಿದ್ದನ್ನ ನನ್ನ ಜನ್ಮದಲ್ಲಿ ನೋಡಿಲ್ಲ."

ಹಿಡಿಗಾರ ನಗಲಿಲ್ಲ. ಹೋದ ವರ್ಷ ಅಚ್ಚು ಮಾಡುವವನಿಗೆ ಹೀಗೆಯೇ ಕೈತುಂಬ ಸಂಬಳ ಬಂದಿತ್ತು. ಅವನು ಎಲ್ಲರಿಗೂ ಚಹಾ ಕೊಡಿಸಿದ್ದ. ಮರುದಿನ ಅವನ ಮಣೆಯ ಮೇಲೆ ಬೇರೊಬ್ಬ ಕೂತಿದ್ದ. ಈಗ ತನ್ನ ಜಾಗದಲ್ಲೂ ಹೊಸಬನೊಬ್ಬ ಕೂತು ತನ್ನದೇ ಮುದ್ರೆ ಒತ್ತುತ್ತಿರಬೇಕು. ಕೈ ಚುರುಕಿನವನು, ಏಳುನೂರು ದಾಟಿಸುವವನು. ಇಲ್ಲವೇ ಇದು ಬಲೆ: ರಜೆಯಲ್ಲಿದ್ದು ಸುಳ್ಳು ಲೆಕ್ಕ ಕೊಟ್ಟ ಎಂದು ನಾಳೆ ಹೊರಗೆ ಹಾಕಬಹುದು.

ಅತ್ತೆ ನಾಡಿದ್ದು ಹೊರಡುವವರು. ಅವರೂ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವವರೇ, ಅವರ ರಜೆಯೂ ಮುಗಿದಿತ್ತು. ಉಳಿದ ಒಂದು ವಾರ ಅವನು ಮನೆಯಲ್ಲಿರದಿದ್ದರೆ ಮಗುವನ್ನು ಎತ್ತಿಕೊಡುವವರಿಲ್ಲ. ಇದ್ದರೆ, ತಿರುಗಿ ಹೋಗಲು ಕೆಲಸವೇ ಇರುತ್ತದೋ ಇಲ್ಲವೋ.

"ಹೋಗಿ ನೋಡ್ಕೊಂಡು ಬರ್ತೀನಿ" ಎಂದ. "ಬೇಕಾದ್ರೆ ಈ ವಾರದ ರಜೆ ಬಿಟ್ಕೊಡ್ತೀನಿ."

ದಿಂಬಿನ ಮೇಲೆ ಹೆಂಡತಿಯ ಮುಖ ಗೋಡೆಯ ಕಡೆ ತಿರುಗಿತು, ಅಷ್ಟೆ.

ಕಾರ್ಖಾನೆಯ ಗೇಟಿನಲ್ಲೇ ಅನುಮಾನಕ್ಕೆ ರೆಕ್ಕೆ ಬಂತು. ಎಂದೂ ತಲೆಯೆತ್ತದ ಕಾವಲುಗಾರ ಎದ್ದು ನಿಂತು, "ಮಗು ಚೆನ್ನಾಗಿದೆಯಾ? ಅಮ್ಮಾವ್ರು ಚೆನ್ನಾಗಿದಾರಾ?" ಎಂದು ವಿಚಾರಿಸಿದ. ಅತಿ ವಿನಯ ಧೂರ್ತ ಲಕ್ಷಣ ಎಂದುಕೊಂಡ ಹಿಡಿಗಾರ. ಪಾಪ, ಕಾವಲುಗಾರನಿಗೆ ಬೇರೇನೂ ಗೊತ್ತಿರಲಿಲ್ಲ, ಅವನಿಗೂ ಹೆಣ್ಣುಮಗುವಿತ್ತು.

ಹಿಡಿಯ ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿಯ ಮಾತು ನಿಂತಿತು. ಉದ್ದನೆಯ ಮೇಜುಗಳ ಮುಂದೆ ಏಳು ಜನ, ಏಳೂ ತಲೆ ಬಗ್ಗಿದವು. ಪಕ್ಕದ ಮಣೆಯ ಎಡಚ, ದಿನವಿಡೀ ಬಾಯಿಗೆ ಬೀಗ ಹಾಕದವನು, ಈಗ ಕಪ್ಪಿನೊಳಗೆ ಇಣುಕಿ ಏನನ್ನೋ ಹುಡುಕುತ್ತಿದ್ದ. ಎದುರಿನ ಉಗುರಕ್ಕ (ಕಿರುಬೆರಳಿನ ಉಗುರನ್ನು ಉದ್ದ ಬೆಳೆಸಿದ್ದರಿಂದ ಆ ಹೆಸರು) ಸುಮ್ಮನೆ ಕೆಮ್ಮಿದಳು. ಮೇಸ್ತ್ರಿ ಮಾತ್ರ ಎದ್ದು ಬಂದು ಸುಟ್ಟ ಕಪ್‌ಗಳನ್ನಿಡುವ ಕಪಾಟಿಗೆ ಅಡ್ಡ ನಿಂತ.

"ನಿನಗೇನು ಕೆಲಸ ಇಲ್ಲಿ? ರಜೆ ಮುಗೀತಾ?"

"ಇಲ್ಲ. ಹೀಗೇ ಬಂದೆ."

"ಹೀಗೇ ಹೋಗು. ಅಪ್ಪ ಆದೋನು ಮಣ್ಣಿನ ಧೂಳು ಮೆತ್ಕೊಂಡು ಕೂಸಿನ ಹತ್ರ ಹೋಗ್ಬಾರ್ದು. ನಡಿ ನಡಿ."

ಹಿಡಿಗಾರ ಅವನ ಭುಜದ ಮೇಲಿಂದ ತನ್ನ ಮಣೆ ನೋಡಿದ. ಅದು ಖಾಲಿ. ಹೊಸಬನಿಲ್ಲ. ಆದರೆ ಮೊಳೆಗೆ ನೇತುಹಾಕಿದ್ದ ಮುದ್ರೆ? ಎರಡು ಹೆಜ್ಜೆಯಲ್ಲಿ ಹೋಗಿ ಮುಟ್ಟಿದ. ಎರಡು ವಾರ ಮುಟ್ಟದ ಮುದ್ರೆ ಒಣಗಿ ಬಿಳಿಚಿರಬೇಕಿತ್ತು. ಅದು ತಣ್ಣಗೆ, ಒದ್ದೆಯಾಗಿತ್ತು. ಅಂಕಿಯ ಸಂದಿನಲ್ಲಿ ಹಸಿ ಮಣ್ಣು.

"ಯಾರು ಒತ್ತಿದ್ದು ಇದನ್ನ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಏಳು ಜನವೂ ಏಪ್ರನ್ನಿಗೆ ಕೈ ಒರೆಸಿಕೊಂಡರು.

ಅವನು ಮೇಸ್ತ್ರಿಯನ್ನು ಬಳಸಿ ಕಪಾಟಿಗೆ ಹೋದ. ಸುಟ್ಟು ಬಂದ ಕಪ್‌ಗಳು ಬೋರಲಾಗಿ ಸಾಲುಸಾಲಾಗಿದ್ದವು, ತಳದ ನಂಬರು ಕಾಣುವಂತೆ. ಹದಿನೇಳು, ಹದಿನೇಳು, ಹದಿನೇಳು. ಒಂದನ್ನು ತೆಗೆದು ಹಿಡಿಯ ಬುಡದಲ್ಲಿ ಹೆಬ್ಬೆರಳು ಆಡಿಸಿದ.

ನಂಬರು ಸುಳ್ಳು ಹೇಳಬಹುದು, ಬೆರಳು ಹೇಳುವುದಿಲ್ಲ. ಅಂಟಿಸಿದ ಮೇಲೆ ಬುಡದ ಮಣ್ಣನ್ನು ಒರೆಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಈ ಕಪ್ಪಿನಲ್ಲಿ ಒರೆಸಿದ ಗೆರೆ ಬಲದಿಂದ ಎಡಕ್ಕೆ ಹೋಗಿತ್ತು. ಕೋಣೆಯಲ್ಲಿ ಹಾಗೆ ಒರೆಸುವವನು ಎಡಚನೊಬ್ಬನೇ. ಇನ್ನೊಂದು ತೆಗೆದ. ಹಿಡಿಯ ಒಳಬಾಗಿನಲ್ಲಿ ಎಳೆಯ ಚಂದ್ರನಂಥ ಗೀರು: ಉಗುರಕ್ಕ. ಇನ್ನೊಂದು, ಮತ್ತೊಂದು. ಮೂಲೆಯಲ್ಲಿ ಕೂರುವ ಮುದುಕನ ಅವಸರದ ಒತ್ತು, ಅವಳಿ ಅಕ್ಕತಂಗಿಯರ ನುಣುಪು. ಹಿಂದಿನ ಸಾಲಿನ ಒಂದು ಕಪ್ಪಿನಲ್ಲಿ ಅವನ ಬೆರಳು ನಿಂತುಬಿಟ್ಟಿತು. ಹಿಡಿಯ ಕೆಳಗೆ ಬಟಾಣಿಯಷ್ಟು ಮಣ್ಣನ್ನು ಆಸರೆಯಾಗಿ ಒತ್ತಿದ್ದರು. ಅದು ಹಳೆಯ ಕಾಲದ ರೀತಿ. ಹದಿನೈದು ವರ್ಷದ ಹಿಂದೆ ಅವನಿಗೆ ಈ ಕೆಲಸ ಕಲಿಸಿದವನು ಹಾಗೆ ಮಾಡುತ್ತಿದ್ದ. ಮೇಸ್ತ್ರಿಯಾದ ಮೇಲೆ ಅವನು ಕಪ್ಪು ಮುಟ್ಟಿದ್ದೇ ಇಲ್ಲ.

ಹಿಡಿಗಾರ ತಿರುಗಿ ನೋಡಿದ. ಮೇಸ್ತ್ರಿ ಛಾವಣಿಯ ಫ್ಯಾನಿನ ಕಡೆ ಬಹಳ ಗಮನ ಕೊಟ್ಟಿದ್ದ.

"ನೀವೂನಾ?"

"ಏನು ನಾನೂನಾ?"

"ಮೇಸ್ತ್ರಿ ಕೂಡಾನಾ!" ಎಡಚ ಮಣೆಯಿಂದ ಎದ್ದೇಬಿಟ್ಟ. "ನಾನೊಬ್ಬನೇ ಅಂದ್ಕೊಂಡು, ಊಟದ ಹೊತ್ತಲ್ಲಿ ಕಳ್ಳನ ಹಾಗೆ ಬಂದು ದಿನಾ ಹತ್ತು ಹತ್ತು ಒತ್ತಿ ಹೋಗ್ತಿದ್ದೆ!"

"ನೀನು ಊಟದ ಹೊತ್ತಲ್ಲಾ? ಅದಕ್ಕೇ ನಾನು ಬಂದಾಗ ಮುದ್ರೆ ಒದ್ದೆ ಇರ್ತಿತ್ತು" ಎಂದಳು ಉಗುರಕ್ಕ. "ನಾನು ದೆವ್ವ ಅಂದ್ಕೊಂಡಿದ್ದೆ ಕಣೋ!"

ಒಬ್ಬರ ನಂಬರನ್ನು ಇನ್ನೊಬ್ಬರು ಒತ್ತಿದರೆ ಆ ಕಾರ್ಖಾನೆಯಲ್ಲಿ ಕೆಲಸ ಹೋಗುತ್ತದೆ. ಹಾಗಾಗಿ ಯಾರೂ ಯಾರಿಗೂ ಹೇಳಿರಲಿಲ್ಲ. ತಾನೊಬ್ಬ ಮಾಡಿದರೆ ಎಷ್ಟು ಮಹಾ, ಆ ಮನೆಗೆ ಹಾಲಿನ ಖರ್ಚಾದರೂ ನಡೆಯಲಿ ಎಂದು ಪ್ರತಿಯೊಬ್ಬರೂ ತಮ್ಮ ಪಾಲಿನಿಂದ ಕದ್ದು ದಿನಾ ಎಂಟೋ ಹತ್ತೋ ಕೊಟ್ಟಿದ್ದರು. ಎಲ್ಲ ಸೇರಿ, ಮನೆಯಲ್ಲಿದ್ದ ಮನುಷ್ಯ ಕೋಣೆಯ ಎಲ್ಲರಿಗಿಂತ ಹೆಚ್ಚು ದುಡಿದಂತಾಗಿತ್ತು.

ಹಿಡಿಗಾರ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ಅಷ್ಟರಲ್ಲೇ ಸಂಬಳದ ಲೆಕ್ಕ ಬರೆಯುವ ಲೆಕ್ಕದಕ್ಕ ಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಯಜಮಾನರು.

"ಇವನೇನಾ?" ಎಂದರು ಯಜಮಾನರು. ಯಾರನ್ನೂ ನಂಬದೆ ತಮ್ಮ ಕೊಡೆಯನ್ನೂ ಬೇರೆಯವರ ಮೇಜಿನ ಮೇಲಿಡದ ಮನುಷ್ಯ ಅವರು. "ತೊಟ್ಟಿಲು ತೂಗ್ತಾ ಏಳುನೂರ ಹದಿನಾಲ್ಕು ಹಿಡಿ ಹಚ್ಚಿದ ಮಹಾನುಭಾವ! ಎಲ್ಲ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?"

ಒಂದು ಮಾತು ತಪ್ಪಿದರೆ ತನ್ನೊಬ್ಬನದಲ್ಲ, ಏಳು ಮನೆಯ ಅನ್ನ ಹೋಗುತ್ತದೆ ಎಂದು ಹಿಡಿಗಾರನಿಗೆ ತಿಳಿಯಿತು.

"ನಿಮಗೆ ನಷ್ಟ ಏನಾಗಿದೆ ಸಾರ್?" ಎಂದ ನಿಧಾನವಾಗಿ. "ಕಪ್ಪು ಕಪ್ಪೇ. ಯಾರ ನಂಬರಿದ್ರೂ ಕೊಡೋ ಕಾಸು ಅಷ್ಟೇ ತಾನೆ?"

"ನಂಬರು ಯಾಕಿದೆ ಗೊತ್ತಾ ನಿನಗೆ? ಬಿಸಿ ಚಹಾ ತುಂಬಿದ ಕಪ್ಪಿನ ಹಿಡಿ ಯಾರದೋ ಕೈಯಲ್ಲಿ ಕಿತ್ತು ಬಂತು ಅನ್ನು. ನಾನು ಯಾರನ್ನ ಹಿಡೀಲಿ?"

"ನನ್ನನ್ನ ಹಿಡೀರಿ. ಹದಿನೇಳು ಅಂತ ಇದ್ದದ್ದಕ್ಕೆಲ್ಲ ನಾನು ಹೊಣೆ. ಒಂದೊಂದನ್ನೂ ನೋಡಿ ಕೊಡ್ತೀನಿ."

ಹೇಳಿದವನು ಕೂತೇಬಿಟ್ಟ. ಒಂದೊಂದು ಕಪ್ಪನ್ನೂ ಎತ್ತಿ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದ. ಗಟ್ಟಿ ಹಿಡಿ ಗಂಟೆಯಂತೆ ದನಿ ಕೊಡುತ್ತದೆ, ಸಡಿಲಿದ್ದರೆ ಗೊರಗುಟ್ಟುತ್ತದೆ. ಯಜಮಾನರು ಹೋಗಲಿಲ್ಲ, ಕಣ್ಣು ಕೀಲಿಸಿ ನಿಂತೇ ಇದ್ದರು. ಉಗುರಕ್ಕ ಅವರಿಗೊಂದು ಸ್ಟೂಲು ತಂದಿಟ್ಟಳು. ಅವರು ಅದನ್ನೂ ಅಲುಗಾಡಿಸಿ ನೋಡಿಯೇ ಕೂತರು.

ಮಧ್ಯಾಹ್ನ ಎರಡರ ಗಂಟೆ ಹೊಡೆಯುವ ಹೊತ್ತಿಗೆ ಹನ್ನೊಂದು ಕಪ್‌ಗಳು ಪಕ್ಕಕ್ಕೆ ಬಂದಿದ್ದವು. ಅವುಗಳಲ್ಲಿ ಒಂಬತ್ತರ ಹಿಡಿ ವಾರೆಯಾಗಿತ್ತು. ಅಂಟಿಸಿದವರಿಗೆ ಈ ಕೆಲಸವೇ ಬರುವುದಿಲ್ಲವೆಂದು ಕುರುಡನೂ ಹೇಳಬಹುದಿತ್ತು. ಪಕ್ಕದ ಕೋಣೆಯಿಂದ ಬಂದು ಬಾಗಿಲಲ್ಲಿ ಇಣುಕುತ್ತಿದ್ದ ಮೆರುಗಿನಕ್ಕ, ಕಪ್‌ಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದುವವಳು, ಮುಖ ಕೆಂಪಗೆ ಮಾಡಿಕೊಂಡು ಕೈಗವಸು ಕಳಚಿದಳು.

"ಇವು ಯಾರ ಕೈಕೆಲಸ?" ಎಂದರು ಯಜಮಾನರು.

ಮೆರುಗಿನಕ್ಕ ಬಾಯಿ ತೆರೆಯುವ ಮೊದಲೇ ಹಿಡಿಗಾರ ಒಂದು ಕಪ್ಪನ್ನು ಬೋರಲು ಹಾಕಿ ತೋರಿಸಿದ. "ಬರ್ದಿದೆಯಲ್ಲ ಸಾರ್. ಹದಿನೇಳು. ನನ್ನವೇ."

"ಹದಿನೈದು ವರ್ಷ ಮಾಡಿದೋನಿಗೆ ಇಷ್ಟು ಕೆಟ್ಟದಾಗಿ ಹಚ್ಚೋಕೆ ಬರುತ್ತಾ?"

"ನಿದ್ದೆ ಇಲ್ಲ ಸಾರ್, ಮನೇಲಿ ಮಗು."

ಎಡಚನಿಗೆ ನಗು ತಡೆಯಲಾಗದೆ ಮೂಗಿನಿಂದ ಹೊರಬಂತು. ಯಜಮಾನರು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಈ ಜನ ಮುಂದಿನ ಹೆರಿಗೆಗೂ ಹೀಗೆಯೇ ಮಾಡುತ್ತಾರೆ, ಇನ್ನೂ ಜಾಣತನದಿಂದ ಮಾಡುತ್ತಾರೆ, ಆಮೇಲೆ ತಮ್ಮ ಕಾರ್ಖಾನೆಯ ಯಾವ ನಂಬರನ್ನೂ ನಂಬುವಂತಿಲ್ಲ ಎಂಬ ಲೆಕ್ಕ ಅವರ ತಲೆಯಲ್ಲಿ ಓಡಿರಬೇಕು.

"ಬರ್ಕೋ" ಎಂದರು ಲೆಕ್ಕದಕ್ಕನಿಗೆ. "ಈ ಹನ್ನೊಂದರ ಕಾಸು ಇವನಿಂದ ಕಡಿತ. ಉಳಿದದ್ದು ಯಾರು ಹಚ್ಚಿದ್ರೋ ಅವರವರಿಗೆ ವಾಪಸ್ಸು. ಇವನ ರಜೆಗೆ..." ಒಂದು ಕ್ಷಣ ನಿಂತರು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ. "ಮೂಲ ಸಂಬಳ ಪೂರ್ತಿ, ಹಿಡಿಗಳಿಗೆ ಕಳೆದ ಮೂರು ತಿಂಗಳ ಸರಾಸರಿ. ಮೂರು ವಾರಕ್ಕೂ. ಇನ್ಮೇಲೆ ಅಪ್ಪ ಆದೋರಿಗೆಲ್ಲ ಇದೇ. ಒಬ್ಬರ ಮುದ್ರೆ ಇನ್ನೊಬ್ಬರು ಮುಟ್ಟಿದ್ರೆ ಮಾತ್ರ ಸುಮ್ನಿರಲ್ಲ."

"ಆಗ್ಲಿ ಸಾರ್" ಎಂದಳು ಲೆಕ್ಕದಕ್ಕ. ಅವಳು ಆಗಲೇ ಬರೆದು ಮುಗಿಸಿದ್ದಳು. ಅವರು ಮನಸ್ಸು ಬದಲಿಸುವ ಮೊದಲೇ ಸಹಿಗೆ ಪೆನ್ನನ್ನೂ ಚಾಚಿದಳು.

ಯಜಮಾನರು ಸಹಿ ಹಾಕಿದರು. "ನೋಡ್ತಿರಿ, ಮುಂದಿನ ತಿಂಗಳು ಎಲ್ಲರೂ ಅಪ್ಪಂದಿರಾಗ್ತಾರೆ" ಎಂದು ಗೊಣಗುತ್ತ ಹೊರಟುಹೋದರು. ಮೂಲೆಯ ಮುದುಕ, "ನಾನು ರೆಡಿ ಇದೀನಪ್ಪ, ನನ್ನವಳನ್ನ ಕೇಳ್ಬೇಕು" ಎಂದ. ಕೋಣೆ ಬಿದ್ದು ಬಿದ್ದು ನಕ್ಕಿತು.

ಹಿಡಿಗಾರನಿಗೆ ಏನಾದರೂ ಹೇಳಬೇಕೆನಿಸಿತು. ಬೆಳಿಗ್ಗೆಯಿಂದ ಇವರಲ್ಲಿ ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಕಳ್ಳರ ಸಾಲಿನಲ್ಲಿ ನಿಲ್ಲಿಸಿದ್ದ. ಅದನ್ನು ಹೇಗೆ ಹೇಳುವುದು? ಮುದ್ರೆಯನ್ನು ತೊಳೆದು, ಒರೆಸಿ, ಮೊಳೆಗೆ ಹಾಕಿ ಬಾಗಿಲ ಕಡೆ ನಡೆದ.

ಮೇಸ್ತ್ರಿ ದಾರಿಗೆ ಅಡ್ಡ ಬಂದ. ಕೈಯಲ್ಲಿ ಪಕ್ಕಕ್ಕಿಟ್ಟ ಎರಡು ಕಪ್‌ಗಳಿದ್ದವು, ಬಟಾಣಿಯಷ್ಟು ಆಸರೆ ಇದ್ದವು. ಮುಖ ಊದಿತ್ತು.

"ಒಂಬತ್ತು ಅವಳವು, ಒಪ್ಕೊಂಡೆ. ಇವೆರಡು ಹೇಗಯ್ಯ ಕೆಟ್ಟವು? ನಿನಗೆ ಕಲಿಸಿದ ಕೈ ಇದು!"

"ಹಿಡಿ ಅಂಟಿಸೋ ಮಣ್ಣಿನ ಗಂಜಿ ತೆಳ್ಳಗಾಗಿದೆ ಮೇಸ್ತ್ರೇ."

"ತೆಳ್ಳಗಾ? ಸುಳ್ಳು."

"ಕಿವಿ ಕೊಡಿ ಇಲ್ಲಿ." ಹಿಡಿಗಾರ ಕಪ್ಪನ್ನು ಅವನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಟ್ಟಿದ. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ತಟ್ಟು ಎಂದ. ಆಮೇಲೆ ಕಣ್ಣು ತೆರೆಯದೆಯೇ, "ಸರಿ, ಹೋಗು. ಎರಡೂ ಮುಕ್ಕಾಲಿನ ಬಸ್ಸು ತಪ್ಪುತ್ತೆ" ಎಂದ.