ಹಳದಿ ಪಟ್ಟಿಯ ಬಾಕ್ಸ್

ತ್ರಿವೇಣಿ ಮಾಡುವ ಕೆಲಸ ಏನೆಂದು ಅವಳ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. "ಬೆಂಗಳೂರಲ್ಲಿ ಪೇಪರ್ ಆಫೀಸು" ಎಂದು ಅಮ್ಮ ಶಾಮಲಮ್ಮ ನೆಂಟರಿಗೆ ಹೇಳಿ ಮುಗಿಸಿಬಿಡುತ್ತಿದ್ದಳು. ಅಲ್ಲಿ ಪೇಪರೂ ಇರಲಿಲ್ಲ, ಅಚ್ಚೂ ಇರಲಿಲ್ಲ. ಮೊಬೈಲಿನಲ್ಲಿ ಹರಿದಾಡುವ ವಿಡಿಯೋ ನಿಜವೋ ಸುಳ್ಳೋ ಎಂದು ಪತ್ತೆ ಹಚ್ಚಿ ಬರೆಯುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಅಪ್ಪ ಗಂಗುಲಪ್ಪ ಒಂದೆರಡು ಸಲ ಕೇಳಿ ನೋಡಿ, ಆಮೇಲೆ ಆ ವಿಷಯವನ್ನೇ ಕೈಬಿಟ್ಟಿದ್ದ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿ ನಡೆಸುವ ಮನುಷ್ಯ ಅವನು. ಮಾಲು ಗಟ್ಟಿಯೋ ಕೊಳೆತದ್ದೋ ಎಂದು ಹೇಳುವುದಕ್ಕೆ ಒಂದು ಆಫೀಸು, ಅದಕ್ಕೊಂದು ಲಿಫ್ಟು ಬೇಕೇ ಎನ್ನುವುದು ಅವನ ತಮಾಷೆ.

ಆಸೆಯಿಂದ ಕೇಳುತ್ತಿದ್ದವನು ಅಣ್ಣ ನಂದೀಶ ಒಬ್ಬನೇ. ಹಗಲೆಲ್ಲ ಅಪ್ಪನ ಮಂಡಿ ನೋಡಿಕೊಂಡು, ಸಂಜೆ ಮಾಲೂರು ಸ್ಟೇಷನ್ನಿಗೆ ಬೈಕಿನಲ್ಲಿ ಬಂದು ನಿಲ್ಲುತ್ತಿದ್ದ. ರೈಲಿಳಿದ ತಂಗಿ ಹಿಂದೆ ಕೂರುವ ಮೊದಲೇ "ಇವತ್ತು ಯಾವ ಸುಳ್ಳು ಹಿಡಿದೆ ಅಮ್ಮಣ್ಣಿ?" ಅನ್ನುತ್ತಿದ್ದ. ಅವಳಿಗೋ, ಇಡೀ ದಿನ ಕಂಪ್ಯೂಟರಿನ ಮುಂದೆ ಬಾಯಿ ಕಟ್ಟಿಕೊಂಡು ಕೂತವಳಿಗೆ, ಅಷ್ಟು ಸಾಕಾಗಿತ್ತು. ಇಟ್ಟಿಗೆ ಗೂಡುಗಳ ಹೊಗೆಯ ನಡುವೆ ಊರಿನ ದಾರಿ ಹಿಡಿದರೆ ಮನೆಯ ಬಾಗಿಲು ಬರುವವರೆಗೂ ಅವಳದೇ ಮಾತು. ವಿಡಿಯೋದ ಒಂದು ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದರ ಮೂಲ ಸಿಕ್ಕಿಬಿಡುತ್ತದೆ, ಕಳ್ಳರು ಅದಕ್ಕೇ ಎಡವನ್ನು ಬಲ ಮಾಡಿ ತಿರುಗಿಸಿ ಹಾಕುತ್ತಾರೆ, ನಾವು ಮೊದಲು ನೋಡುವುದು ಬೋರ್ಡುಗಳ ಮೇಲಿನ ಅಕ್ಷರ, ಆಮೇಲೆ ಹಿಂದಿನ ಕಟ್ಟಡ. ನಂದೀಶ ಗಾಳಿಯಲ್ಲಿ ತಲೆ ಅರ್ಧ ಹಿಂದಕ್ಕೆ ತಿರುಗಿಸಿ "ತಿರುಗಿಸಿ ಹಾಕಿದ್ರೆ ಸಿಕ್ಕಲ್ವಾ?" ಎಂದು ಕೇಳುತ್ತಿದ್ದ. ನನ್ನ ಅಣ್ಣನಂಥ ಅಣ್ಣ ಇಡೀ ಜಿಲ್ಲೆಯಲ್ಲಿಲ್ಲ ಎಂದು ತ್ರಿವೇಣಿ ನಂಬಿದ್ದಳು. ನಂಬದೆ ಏನು ಮಾಡುತ್ತಾಳೆ, ಪಾಪ.

ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದ ದಿನಗಳವು. ಆಫೀಸಿಗೆ ಬರುವ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಒಂದು ಬೆಳಗ್ಗೆ ಅವಳ ಸಂಪಾದಕಿ ಎಸ್ತರ್ ಮೇಡಂ ಒಂದು ವಿಡಿಯೋ ಕಳಿಸಿದರು. ಎಸ್ತರ್ ಮುಂಬೈ ಕಡೆಯ ಯೆಹೂದಿ ಮನೆತನದವರು. ಮನೆಯಲ್ಲಿ ಮರಾಠಿ, ಬೆಂಗಳೂರಿಗೆ ಬಂದು ತಲೆಗೂದಲು ನರೆಯುವಷ್ಟು ಕಾಲವಾಗಿದ್ದರಿಂದ ಕನ್ನಡವೂ ನೀರು ಕುಡಿದಷ್ಟು ಸಲೀಸು. ಹಿಂದಿನ ವರ್ಷ ತ್ರಿವೇಣಿಯ ಮನೆಗೆ ಬಂದು, ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆ ಅವರೆಕಾಳು ಸಾರು ಉಂಡು ಹೋಗಿದ್ದರು. ಅವರ ಎಲೆಗೆ ಎರಡನೆಯ ಮುದ್ದೆ ಬಲವಂತವಾಗಿ ಇಟ್ಟವನು ನಂದೀಶ.

ವಿಡಿಯೋದಲ್ಲಿ ರಸ್ತೆ ಬದಿಯಲ್ಲಿ ರಾಶಿ ರಾಶಿ ತರಕಾರಿ ಸುರಿಯುತ್ತಿದ್ದರು. ಸುತ್ತ ಹೊಗೆ, ಹಿಂದೆ ಬಾಂಬಿನ ಸದ್ದು. ಕನ್ನಡದಲ್ಲೇ, ಕಂಪ್ಯೂಟರಿನಿಂದ ಹೊರಟಂಥ ಒಂದು ಗಡಸು ದನಿ ಮಾತಾಡುತ್ತಿತ್ತು. ಯುದ್ಧ ಹಚ್ಚಿದವರೇ ಯೆಹೂದಿಗಳಂತೆ, ಜಗತ್ತಿನ ಅನ್ನದ ಬೀಗದ ಕೈ ಅವರ ಸೊಂಟದಲ್ಲಿದೆಯಂತೆ, ಮಕ್ಕಳು ಹಸಿದು ಸಾಯುವಾಗ ಅವರು ಬೆಲೆ ಏರಲೆಂದು ಆಹಾರವನ್ನು ಮಣ್ಣಿಗೆ ಸುರಿಯುತ್ತಾರಂತೆ. "ನಾಳೆ ಸರದಿ ನಮ್ಮದು. ನಿಮ್ಮ ಪಕ್ಕದ ಮನೆಯಲ್ಲೂ ಒಬ್ಬರಿರಬಹುದು, ಎಚ್ಚರ!" ಎಂದು ಅದು ಮುಗಿಯುತ್ತಿತ್ತು. ಅಲ್ಲಿನ ಮಕ್ಕಳ ಹಸಿವು ನಿಜ. ಆ ನಿಜದ ಬೆನ್ನ ಮೇಲೆ ಕೂತೇ ಈ ಸುಳ್ಳು ಸವಾರಿ ಹೊರಟಿತ್ತು.

"ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೆ ಬಂದಿದೆ," ಎಂದರು ಎಸ್ತರ್. "ಕೆಳಗೆ ಒಬ್ಬರು 'ನಮ್ಮಲ್ಲೂ ಒಬ್ಬರಿದ್ದಾರಲ್ಲ' ಅಂತ ಬರೆದು ನಗೋ ಮುಖದ ಗೊಂಬೆ ಹಾಕಿದ್ದಾರೆ. ಅವರ ಮಗಳಿಗೆ ನಾನೇ ಇಂಗ್ಲಿಷ್ ಪಾಠ ಹೇಳಿದ್ದು. ಇವತ್ತು ಲಿಫ್ಟಲ್ಲಿ ಆ ಹುಡುಗಿ ನನ್ನ ಜೊತೆ ಹತ್ತಲಿಲ್ಲ. ಇದು ಎಲ್ಲಿಯದು ಅಂತ ಹುಡುಕು ತ್ರಿವೇಣಿ. ನಾನೇ ಬರೆದರೆ ನನ್ನವರ ಪರ ಅಂತಾರೆ."

ಅವಳು ಹುಡುಕಿದಳು. ಚಿತ್ರ ತೆಗೆದು ಹುಡುಕಿದಳು, ತಿರುಗಿಸಿ ಹುಡುಕಿದಳು. ಎಲ್ಲಿಯೂ ಇಲ್ಲ. ಹಳೆಯ ವಿಡಿಯೋ ಯಾವುದಾದರೂ ಒಂದು ಕಡೆ ಸಿಗಲೇಬೇಕು, ಇದು ಮಾತ್ರ ಆಕಾಶದಿಂದ ಉದುರಿದ ಹಾಗಿತ್ತು. ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಾಗ ಮೂಲೆಯಲ್ಲಿ ಒಂದು ಖಾಲಿ ಬಾಕ್ಸ್ ಕಣ್ಣಿಗೆ ಬಿತ್ತು. ನೀಲಿ ಪ್ಲಾಸ್ಟಿಕ್ಕಿನದು. ಅದರ ಪಕ್ಕೆಯ ಮೇಲೆ ಇದ್ದ ಅಕ್ಷರಗಳನ್ನು ಯಾರೋ ಮಸುಕು ಮಾಡಿದ್ದರು.

ಅವಳಿಗೆ ವಿಚಿತ್ರವೆನಿಸಿತು. ವಿಡಿಯೋದಲ್ಲಿದ್ದ ಜನರ ಮುಖಗಳನ್ನು ಯಾರೂ ಮುಟ್ಟಿಲ್ಲ. ಒಂದು ಖಾಲಿ ಬಾಕ್ಸಿನ ಮೇಲೇಕೆ ಇಷ್ಟು ಕಾಳಜಿ? ದೂರದೇಶದವನಿಗೆ ಬಾಕ್ಸ್ ಎಂದರೆ ಬಾಕ್ಸ್ ಅಷ್ಟೇ. ಕೋಲಾರದಲ್ಲಿ ಹಾಗಲ್ಲ. ಇಲ್ಲಿ ಮಂಡಿಯವರು ತಮ್ಮ ಬಾಕ್ಸ್‌ಗಳನ್ನು ರೈತರ ತೋಟಕ್ಕೆ ಕಳಿಸುತ್ತಾರೆ, ತುಂಬಿದ ಬಾಕ್ಸ್ ಅದೇ ಮಂಡಿಗೆ ವಾಪಸು ಬರಬೇಕು. ಅದಕ್ಕೆಂದೇ ಒಂದೊಂದು ಮಂಡಿಗೂ ಒಂದೊಂದು ಅಕ್ಷರ, ಒಂದೊಂದು ಬಣ್ಣ. ಬಾಕ್ಸಿನ ಮೇಲಿನ ಅಕ್ಷರ ಬಾಯಿ ಬಿಡುತ್ತದೆಂದು ಹೆದರುವವನು ಕೋಲಾರದವನೇ ಆಗಿರಬೇಕು.

ಅಕ್ಷರವನ್ನೇನೋ ಅಳಿಸಿದ್ದ. ಆದರೆ ಬಾಕ್ಸಿನ ಅಂಚಿಗೆ ಬಳಿದ ಹಳದಿ ಪಟ್ಟಿ ಹಾಗೇ ಇತ್ತು. ದಿನಾ ನೋಡಿ ನೋಡಿ ಕಣ್ಣಿಗೆ ಒಗ್ಗಿಹೋದದ್ದು ಅವನಿಗೆ ಕಾಣಿಸಿರಲಿಲ್ಲ. ನೀಲಿ ಬಾಕ್ಸಿಗೆ ಹಳದಿ ಅಂಚು ಕೋಲಾರದಲ್ಲಿ ಒಂದೇ ಮಂಡಿಯದು, ಗಂಗುಲಪ್ಪನದು.

ತ್ರಿವೇಣಿ ತನ್ನದೇ ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದಳು. ಹಿಂದಿನ ವರ್ಷ ಟೊಮೆಟೊ ಬೆಲೆ ನೆಲ ಕಚ್ಚಿದಾಗ ರೈತರು ಮಾಲನ್ನು ಮಾರುಕಟ್ಟೆಯ ಹೊರಗೆ ಸುರಿದು ಹೋಗುತ್ತಿದ್ದುದನ್ನು ಅವಳೇ ತೆಗೆದಿದ್ದ ವಿಡಿಯೋ ಅಲ್ಲಿತ್ತು. ಅದೇ ರಾಶಿ, ಅದೇ ಜನ, ಹಿಂದೆ ಅದೇ ನೀರಿನ ಟ್ಯಾಂಕು. ಎಡವನ್ನು ಬಲ ಮಾಡಿ, ಬಣ್ಣ ಇಳಿಸಿ, ಹೊಗೆ ಎಬ್ಬಿಸಿದ್ದರು. ಅದನ್ನು ಅವಳು ಎಲ್ಲಿಯೂ ಹಾಕಿರಲಿಲ್ಲ. ಆ ದಿನ ಮದನಪಲ್ಲಿ ಮಾರುಕಟ್ಟೆಗೆ ಹೋಗಿದ್ದ ಅಣ್ಣನಿಗೆ ಮಾತ್ರ ಕಳಿಸಿದ್ದಳು.

ಮಾಲೂರಿನಲ್ಲಿ ಇಳಿದಾಗ ನಂದೀಶ ಎಂದಿನಂತೆ ಬೈಕಿಗೆ ಒರಗಿ ನಿಂತಿದ್ದ.

"ಇವತ್ತು ಯಾವ ಸುಳ್ಳು ಹಿಡಿದೆ ಅಮ್ಮಣ್ಣಿ?"

"ನಿನ್ನದು," ಎಂದಳು.

ಅವನು ನಕ್ಕ. ಅವಳು ಫೋನು ಮುಂದೆ ಹಿಡಿದಳು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇದ್ದು, ಆಮೇಲೆ ಹೋಯಿತು.

"ಯಾರೋ ನನ್ ಫೋನಿಂದ ಎತ್ಕೊಂಡಿರ್ಬೇಕು ಕಣೇ."

"ಎತ್ಕೊಂಡೋನಿಗೆ ಅಪ್ಪನ ಮಂಡಿ ಹೆಸರು ಮುಚ್ಚೋಕೇನಣ್ಣ ಅವಸರ?"

ಅವನು ಆಚೀಚೆ ನೋಡಿದ. ಆಟೋದವರು ಕೂಗುತ್ತಿದ್ದರು, ಇಳಿದ ಜನವೆಲ್ಲ ಬಸ್ಸಿನ ಕಡೆ ಓಡುತ್ತಿತ್ತು. "ಲೇ, ಮೆಲ್ಲಗೆ ಮಾತಾಡು," ಎಂದ. "ಮಂಡೀಲಿ ನಾನು ಗಂಗುಲಪ್ಪನ ಮಗ ಅಷ್ಟೇ. ನನ್ನ ಮಾತು ಯಾರು ಕೇಳ್ತಾರೆ? ಟೊಮೆಟೊ ಬಗ್ಗೆ ಚಾನೆಲ್ ಮಾಡ್ದೆ, ಒಂದು ನಾಯಿನೂ ನೋಡ್ಲಿಲ್ಲ. ಇದು ಹಾಕ್ದೆ, ಜನ ಮುಗಿಬಿದ್ರು. ಅಷ್ಟಕ್ಕೂ ಯೆಹೂದಿಗಳು ಅಂದ್ರೆ ಯಾರು ಅಂತ ಇಲ್ಲಿ ಯಾರಿಗ್ಗೊತ್ತು? ಕೋಲಾರದಲ್ಲಿ ಒಬ್ರಾದ್ರೂ ಇದಾರಾ? ಯಾರಿಗೇನ್ ನಷ್ಟ ಆಯ್ತು?"

"ಎಸ್ತರ್ ಮೇಡಂಗೆ ನೀನೇ ತಾನೇ ಮುದ್ದೆ ಬಡಿಸಿದ್ದು?"

"ಅಯ್ಯೋ, ಅವ್ರು ಬೇರೆ ಕಣೇ. ಅವ್ರು ಒಳ್ಳೇವ್ರು."

ತ್ರಿವೇಣಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಯಿತು. ಆದರೂ ಅವಳು ಕೇಳಿದ್ದು ಬೇರೆಯದೇ ಪ್ರಶ್ನೆ. "ದಿನಾ ನನ್ ಕೆಲಸದ ಬಗ್ಗೆ ಕೇಳ್ತಿದ್ದೆಯಲ್ಲ, ಅದೂ ಇದಕ್ಕೇನಾ?"

"ಇಲ್ಲ ಅಮ್ಮಣ್ಣಿ, ದೇವರಾಣೆ ಇಲ್ಲ. ಮೊದಮೊದಲು ಸುಮ್ನೇನೇ ಕೇಳ್ತಿದ್ದೆ."

ಮೊದಮೊದಲು. ಮನೆಯಲ್ಲಿ ತನ್ನ ಕೆಲಸಕ್ಕೆ ಬೆಲೆ ಕೊಟ್ಟವನು ಇವನೊಬ್ಬ ಎಂದುಕೊಂಡಿದ್ದಳು. ಅವನು ನಿಜಕ್ಕೂ ಬೆಲೆ ಕೊಟ್ಟಿದ್ದ, ಕಳ್ಳನು ಬೀಗಕ್ಕೆ ಕೊಡುವ ಹಾಗೆ.

ನಂದೀಶ ಅಲ್ಲೇ ಅತ್ತುಬಿಟ್ಟ. ಗಂಡಸು ರಸ್ತೆಯಲ್ಲಿ ಅಳುವುದನ್ನು ನೋಡುವುದು ಕಷ್ಟ, ಅಣ್ಣ ಅಳುವುದನ್ನು ನೋಡುವುದು ಇನ್ನೂ ಕಷ್ಟ. ಅವಳ ಕಣ್ಣೆದುರಿಗೇ ವಿಡಿಯೋ ಅಳಿಸಿದ, ಚಾನೆಲ್ ಮುಚ್ಚಿದ. "ಅಪ್ಪನಿಗೆ ಗೊತ್ತಾದ್ರೆ ಮಂಡಿ ಮುಂದೆ ತಲೆ ಎತ್ಕೊಂಡು ನಿಲ್ಲಲ್ಲ ಕಣೇ. ನನ್ ಹೆಸರೊಂದು ಬರೀಬೇಡ. ಅಮ್ಮನ ಮೇಲಾಣೆ, ಇನ್ನೊಂದ್ಸಲ ಮಾಡಲ್ಲ," ಎಂದು ಅವಳ ಎರಡೂ ಕೈ ಹಿಡಿದುಕೊಂಡ. ಅವಳು ಕರಗಿದಳು. ರಕ್ತಸಂಬಂಧ ಎನ್ನುವುದು ಇಂಥ ಹೊತ್ತಿನಲ್ಲೇ ಮನುಷ್ಯರನ್ನು ಹಳ್ಳಕ್ಕೆ ದಬ್ಬುವುದು.

ಮರುದಿನ ಅವಳ ವರದಿ ಬಂತು. ವಿಡಿಯೋ ಯುದ್ಧದ್ದಲ್ಲ, ಹಿಂದಿನ ವರ್ಷ ಕೋಲಾರದಲ್ಲಿ ತಾನೇ ತೆಗೆದದ್ದು, ಯೆಹೂದಿಗಳ ಬಗ್ಗೆ ಅದರಲ್ಲಿ ಹೇಳಿದ್ದೆಲ್ಲ ಕಟ್ಟುಕತೆ ಎಂದು ಬರೆದಳು. ಅಸಲಿ ವಿಡಿಯೋವನ್ನು ಪಕ್ಕದಲ್ಲೇ ಹಾಕಿದಳು. ಓದುವವರು ತಾವೇ ನೋಡಿಕೊಳ್ಳಲೆಂದು ಗುರುತುಗಳನ್ನೂ ಬಿಡಿಸಿ ಹೇಳಿದಳು: ಎಡ ಬಲವಾಗಿದೆ, ಬಾಕ್ಸಿನ ಅಂಚಿನ ಹಳದಿ ಪಟ್ಟಿ ಉಳಿದಿದೆ, ಹಿಂದೆ ನೀರಿನ ಟ್ಯಾಂಕು ಕಾಣುತ್ತದೆ.

"ಇದು ಅವರ ಕೈಗೆ ಹೇಗೆ ಹೋಯ್ತು? ಮಾಡಿದವರು ಯಾರು ಗೊತ್ತಾಯ್ತಾ?" ಎಂದು ಎಸ್ತರ್ ಕೇಳಿದರು.

"ಇಲ್ಲ ಮೇಡಂ. ಯಾವುದೋ ಗ್ರೂಪಿಂದ ಹೋಗಿರಬೇಕು," ಎಂದಳು ತ್ರಿವೇಣಿ. ಸುಳ್ಳು ಹಿಡಿಯುವವಳ ಬಾಯಲ್ಲಿ ಸುಳ್ಳು ಎಷ್ಟು ಸುಲಭವಾಗಿ ಬಂತೆಂದರೆ ಅವಳಿಗೇ ಭಯವಾಯಿತು.

ಎಸ್ತರ್ ಅವಳ ಭುಜ ತಟ್ಟಿದರು. "ಹೋಗಲಿ ಬಿಡು. ನೀನು ಇದ್ದೀಯಲ್ಲ, ನನಗೆ ಧೈರ್ಯ," ಎಂದರು. ಅಂದು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ವಾರ ಕಳೆದಿರಬಹುದು. ಸಂಜೆಯ ಬೈಕಿನ ಮೇಲೆ ಈಗ ಹೆಚ್ಚು ಮಾತಿರಲಿಲ್ಲ, ಆದರೂ ಅವನು ಬರುತ್ತಿದ್ದ, ಅವಳು ಕೂರುತ್ತಿದ್ದಳು. ಒಂದು ಮಧ್ಯಾಹ್ನ ಎಸ್ತರ್ ಇನ್ನೊಂದು ವಿಡಿಯೋ ಹಿಡಿದು ಅವಳ ಮೇಜಿನ ಬಳಿ ಬಂದರು. ಬೇರೆ ಚಾನೆಲ್, ಬೇರೆ ದನಿ, ಅದೇ ಮಾತು. ಅದೇ ರಾಶಿ. ಈ ಸಲ ಎಡ ಬಲ ಮಾಡಿರಲಿಲ್ಲ. ನೀರಿನ ಟ್ಯಾಂಕಿನ ಜಾಗದಲ್ಲಿ ಹೊಗೆ ತುಂಬಿತ್ತು. ಬಾಕ್ಸಿನ ಅಂಚು ಬೂದುಬಣ್ಣವಾಗಿತ್ತು, ಮಂಡಿಯ ಅಕ್ಷರ ಮೊದಲಿನ ಹಾಗೇ ಮಸುಕು.

ಅವಳು ವರದಿಯಲ್ಲಿ ಬರೆದಿದ್ದ ಗುರುತುಗಳನ್ನೆಲ್ಲ ಒಂದೂ ಬಿಡದೆ ತಿದ್ದಲಾಗಿತ್ತು. ನಂದೀಶ ವರದಿ ಓದಿದ್ದ. ಇಡೀ ಮನೆಯಲ್ಲಿ ಅವಳು ಬರೆದದ್ದನ್ನು ಅಷ್ಟು ಶ್ರದ್ಧೆಯಿಂದ ಓದಿದವನು ಅವನೇ.

"ಇದಕ್ಕೆ ತುಂಬಾ ಬುದ್ಧಿ ಖರ್ಚು ಮಾಡಿದ್ದಾರೆ," ಎಂದರು ಎಸ್ತರ್, ಸುಸ್ತಾದ ದನಿಯಲ್ಲಿ.

"ಅದು ನನ್ನದೇ ಬುದ್ಧಿ ಮೇಡಂ," ಎಂದಳು ತ್ರಿವೇಣಿ. "ಮಾಡಿದವನು ನಮ್ಮಣ್ಣ, ನಂದೀಶ. ನನಗೆ ಮೊದಲನೇ ಸಲವೇ ಗೊತ್ತಿತ್ತು. ನಿಮ್ಮ ಹತ್ತಿರ ಸುಳ್ಳು ಹೇಳಿದೆ."

ಎಸ್ತರ್ ಪಕ್ಕದ ಕುರ್ಚಿ ಎಳೆದು ಕೂತರು. ಆಮೇಲೆ, ಹೆಸರು ಬರೆಯುವ ಮೊದಲು ಆ ಮನುಷ್ಯನನ್ನು ಕೇಳಲೇಬೇಕೆಂಬ ಆಫೀಸಿನ ನಿಯಮ ನೆನಪಿಸುವ ಹಾಗೆ ಮೇಜಿನ ಫೋನನ್ನು ಅವಳ ಕಡೆ ಸರಿಸಿದರು.

ತ್ರಿವೇಣಿ ಸ್ಪೀಕರ್ ಹಾಕಿ ನಂಬರು ಒತ್ತಿದಳು. "ಹಲೋ, ನಾನು ತ್ರಿವೇಣಿ," ಎನ್ನುವುದರೊಳಗೆ ಆ ಕಡೆಯಿಂದ ಮಂಡಿಯ ಗದ್ದಲದ ನಡುವೆ ಅವನ ದನಿ ಬಂತು.

"ಹೇಳು ಅಮ್ಮಣ್ಣಿ, ಇವತ್ತು ಬೇಗ ಬರ್ತೀಯಾ? ಸ್ಟೇಷನ್ ಹತ್ರ ಬರ್ಲಾ?"

"ಈ ಕರೆ ರೆಕಾರ್ಡ್ ಆಗ್ತಿದೆ ನಂದೀಶ್ ಅವರೇ. ನಿಮ್ಮ ವಿಡಿಯೋ ಬಗ್ಗೆ ವರದಿ ಮಾಡ್ತಿದ್ದೀವಿ. ನಿಮ್ಮ ಪ್ರತಿಕ್ರಿಯೆ ಬೇಕಿತ್ತು."

ಆ ಕಡೆ ಗದ್ದಲ ದೂರವಾಯಿತು, ಅವನು ಪಕ್ಕಕ್ಕೆ ಸರಿದಿರಬೇಕು.

"ಏನೇ ಇದು, ಅಣ್ಣನ್ನ ನೀವು ಅಂತೀಯಲ್ಲೇ?"

"ಹೌದು," ಎಂದಳು ತ್ರಿವೇಣಿ. "ನೀವು ಹೇಳಿ, ಬರ್ಕೊಳ್ತೀನಿ."