ನನ್ನ ಬೆನ್ನಟ್ಟಿದ ಗಾಡಿ

ಗಿಡ್ಡ ಪ್ರಾಣಿಯ ಹೆದರಿಕೆಯೂ ಗಿಡ್ಡದಾಗಿಯೇ ಇರುತ್ತದೆಂದು ನಿಮಗೆ ಹೇಳಿಕೊಟ್ಟವರು ಯಾರು? ಯಾರೂ ಹೇಳಿಕೊಟ್ಟಿಲ್ಲ. ನನ್ನನ್ನು ನೋಡಿದೊಡನೆ ನೀವೇ ಹಾಗೆಂದು ತೀರ್ಮಾನಿಸಿಕೊಂಡಿರಿ. ನನ್ನ ಬೆನ್ನು ನಿಮ್ಮ ಊಟದ ಮೇಜಿಗಿಂತ ಎತ್ತರವಿಲ್ಲ. ಆದ್ದರಿಂದ ನನ್ನನ್ನು ಆಟಿಕೆ ಎಂದುಕೊಂಡಿರಿ. ನಾನು ಆಟಿಕೆಯಲ್ಲ, ಒಂದು ಕುದುರೆ. ದೊಡ್ಡ ಕುದುರೆಗಿರುವ ಭಯವೆಲ್ಲವೂ ನನಗಿದೆ. ಅದನ್ನು ಇಟ್ಟುಕೊಳ್ಳಲು ಇರುವ ಜಾಗ ಮಾತ್ರ ಚಿಕ್ಕದು.

ನಾನು ಹುಟ್ಟಿದ್ದು ತುಮಕೂರಿನ ಹೊರಗಿನ ಒಂದು ಮೈದಾನದಲ್ಲಿ, ಮುಚ್ಚಿಹೋಗುತ್ತಿದ್ದ ಸರ್ಕಸ್ಸೊಂದರ ಹರಿದ ಡೇರೆಯ ನೆರಳಿನಲ್ಲಿ. ನನ್ನ ತಾಯಿಯೂ ನನ್ನಷ್ಟೇ ಗಿಡ್ಡ. ಬ್ಯಾಂಡಿನ ತಾಳಕ್ಕೆ ಸುತ್ತು ಹೊಡೆಯುತ್ತಾ ಅವಳು ಹನ್ನೆರಡು ವರ್ಷ ಕಳೆದಿದ್ದಳು. ಕಿವಿಯನ್ನು ಸದಾ ಹಿಂದಕ್ಕೆ ಇಟ್ಟಿರುವುದನ್ನು ಅವಳಿಂದಲೇ ಕಲಿತೆ. ನಮ್ಮ ಕುಲಕ್ಕೆ ಹಲ್ಲಾಗಲಿ ಕೊಂಬಾಗಲಿ ಆಯುಧವಲ್ಲ. ಹಿಂದಿನಿಂದ ಬರುವುದನ್ನು ಮೊದಲು ಕಂಡು ಓಡುವುದೊಂದೇ ನಮಗೆ ದೇವರು ಕೊಟ್ಟ ರಕ್ಷಣೆ. ನಾನು ಹಾಲು ಬಿಡುವ ಮುನ್ನವೇ ಡೇರೆಯ ಗೂಟಗಳನ್ನು ಕಿತ್ತರು. ತಾಯಿಯನ್ನು ಒಂದು ಲಾರಿಗೆ ಹತ್ತಿಸಿದರು, ನನ್ನನ್ನು ಇನ್ನೊಂದಕ್ಕೆ.

ನನ್ನನ್ನು ಕೊಂಡವನು ಬೆಂಗಳೂರಿನಲ್ಲಿ ಹುಟ್ಟುಹಬ್ಬಗಳಿಗೆ ಬಲೂನು, ಬೊಂಬೆ, ಪ್ರಾಣಿಗಳನ್ನು ಒದಗಿಸುವ ಗುತ್ತಿಗೆದಾರ. ಅವನು ನನ್ನ ಜೂಲಿಗೆ ಗುಲಾಬಿ ಬಣ್ಣ ಬಳಿದು, ಹಣೆಗೆ ಹೊಳೆಯುವ ಕೊಂಬೊಂದನ್ನು ಅಂಟಿಸಿದ. ಹದಿನಾಲ್ಕು ವರ್ಷ ನಾನು ಮದುವೆ ಛತ್ರಗಳ ಮೂಲೆಗಳಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲಿ ನಿಂತೆ. ಬಲೂನು ಒಡೆಯುತ್ತಿದ್ದುದು ಯಾವಾಗಲೂ ನನ್ನ ಹಿಂದೆಯೇ. ಬಾಲವನ್ನು ಎಳೆಯುತ್ತಿದ್ದುದೂ ಹಿಂದಿನಿಂದಲೇ. "ಎಳಿ ಪುಟ್ಟಾ, ಏನೂ ಆಗಲ್ಲ, ಇದು ಒದಿಯಲ್ಲ," ಎಂದು ತಾಯಂದಿರು ಮಕ್ಕಳಿಗೆ ಧೈರ್ಯ ಹೇಳುತ್ತಿದ್ದರು. ನನಗೆ ಧೈರ್ಯ ಹೇಳಿದವರು ಒಬ್ಬರೂ ಇಲ್ಲ. ಒಂದು ದಿನ ನಾನು ಒದ್ದೆ. ಒದೆ ತಗುಲಿದ್ದು ಕೇಕಿನ ಮೇಜಿಗೆ. ಮರುವಾರವೇ ನನ್ನನ್ನು ಮಾರಿದರು.

ಹೀಗೆ ನಾನು ಶ್ರೀರಂಗಪಟ್ಟಣದಾಚೆ, ನಾಲೆಯ ಪಕ್ಕದಲ್ಲಿದ್ದ ಲಿಂಗರಾಜೇ ಅರಸು ಅವರ ತೋಟಕ್ಕೆ ಬಂದೆ. ಅರಸು ಅವರು ಕುದುರೆ ಪೊಲೀಸಿನಲ್ಲಿದ್ದು ನಿವೃತ್ತರಾದವರು. ನೇರ ಬೆನ್ನು, ನೇರ ಮಾತು. ಪುಟ್ಟ ಕುದುರೆಗಳಿಗೆ ಪುಟ್ಟ ಗಾಡಿ ಕಟ್ಟಿ, ಭಾನುವಾರಗಳಂದು ಊರಿನಿಂದ ಬರುವವರನ್ನು ನಾಲೆಯ ಏರಿಯ ಮೇಲೆ ಸುತ್ತಾಡಿಸಬೇಕೆಂಬುದು ಅವರ ಆಸೆ. ಅದಕ್ಕಾಗಿ ಅವರು ಕರೆತಂದವರು ಖುದ್ದೂಸ್ ಸಾಹೇಬರು. ಮೈಸೂರಿನಲ್ಲಿ ನಲವತ್ತು ವರ್ಷ ಟಾಂಗಾ ಹೊಡೆದ ಹಿರಿಯರು ಅವರು.

ಅವರು ನನ್ನ ಸುತ್ತ ಒಮ್ಮೆ ನಡೆದು ಬಂದು ಹೇಳಿದರು: "ಸಾಹೇಬ್ರೆ, ಇದಕ್ಕೆ ಹಿಂದ್ಗಡೆ ಭಯ. ಮುಂದ್ಗಡೆ ಆನೆ ಬಂದ್ರೂ ನಿಂತ್ಕೊಳತ್ತೆ, ಹಿಂದ್ಗಡೆ ಎಲೆ ಬಿದ್ರೆ ಓಡತ್ತೆ."

"ಹಾಗಾದ್ರೆ ಗಾಡಿಗೆ ಆಗಲ್ಲ ಅಂತೀರಾ?"

"ಆಗತ್ತೆ. ನಿಧಾನಕ್ಕೆ ಆಗತ್ತೆ. ನಂಗೆ ಮಾತು ಜಾಸ್ತಿ, ಬೇಕಾದ್ರೆ ನಮ್ ಮನೆಯವ್ರನ್ನ ಕೇಳಿ. ಇನ್ಮೇಲೆ ಆ ಮಾತೆಲ್ಲ ಇದರ ಕಿವಿಗೆ ಹಾಕ್ತೀನಿ. ಮನೇಲಿ ಅವ್ಳೂ ಬದುಕ್ಕೋತಾಳೆ."

ನನಗೆ ಬಟಾಣಿ ಎಂದು ಹೆಸರಿಟ್ಟವರೂ ಅವರೇ. ಮೊದಲ ತಿಂಗಳು ಅವರು ನನ್ನ ಹಿಂದೆ ಬರಿಗೈಯಲ್ಲಿ ನಡೆದರು, ಮಾತಾಡುತ್ತಾ. ಎರಡನೆಯ ತಿಂಗಳು ಹಗ್ಗಕ್ಕೆ ಖಾಲಿ ಡಬ್ಬ ಕಟ್ಟಿ ಎಳೆದುಕೊಂಡು ನಡೆದರು, ಮಾತಾಡುತ್ತಾ. ಆಮೇಲೆ ಹಳೆಯ ಟೈರು, ಕೊನೆಗೆ ಗಾಡಿ. ಗಾಡಿಯ ಎರಡು ಉದ್ದ ಮೂಕಿಮರಗಳು ನನ್ನ ಎರಡೂ ಪಕ್ಕಗಳಿಗೆ ತಾಗಿದ ದಿನ ನಾನು ಬೆವತು ನೀರಾದೆ. ಆದರೆ ನನ್ನ ಕಣ್ಣುಗಳ ಪಕ್ಕದಲ್ಲಿ ಚರ್ಮದ ಪಟ್ಟಿಗಳಿದ್ದವು; ನನಗೆ ಕಾಣುತ್ತಿದ್ದುದು ಮುಂದಿನ ದಾರಿ ಮಾತ್ರ. ಹಿಂದೆ ಏನು ಗಡಗಡಿಸಿದರೂ ಅದರ ನಡುವೆ ಆ ಧ್ವನಿಯಿತ್ತು: "ಏನಿಲ್ಲ ಬೇಟಾ, ನಾನೇ. ನಡಿ."

ನಿಮ್ಮಲ್ಲಿ ಅನೇಕರು ಆ ಕಣ್ಣುಪಟ್ಟಿಯನ್ನು ಕಂಡು ಮರುಗಿದ್ದೀರಿ. ಅದನ್ನು ಕ್ರೌರ್ಯವೆಂದು ಕರೆದಿದ್ದೀರಿ. ನಿಂತ ಗಾಡಿಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಮೂಸಿದ್ದೆ. ನನ್ನ ಮೈಗೆ ಅಂಟಿಕೊಂಡು ಹಿಂದೆ ಬರುವ ಗಾಡಿಯನ್ನು ಮಾತ್ರ ಎಂದೂ ನೋಡಿರಲಿಲ್ಲ. "ಇನ್ನೊಂದ್ ವರ್ಷ ಹೋಗ್ಲಿ ಸಾಹೇಬ್ರೆ, ಆಮೇಲೆ ಸ್ವಲ್ಪ ಸ್ವಲ್ಪ ತೋರಿಸ್ತೀನಿ," ಎಂದು ಖುದ್ದೂಸರು ಹೇಳುತ್ತಿದ್ದರು. ಆದ್ದರಿಂದಲೇ ಅವರು ಒಂದು ಕ್ರಮವನ್ನು ನಮಾಜಿನಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರು. ಕಟ್ಟುವಾಗ ಲಗಾಮು, ಕಣ್ಣುಪಟ್ಟಿ ಮೊದಲು, ಗಾಡಿ ಆಮೇಲೆ; ಬಿಚ್ಚುವಾಗ ಗಾಡಿ ಮೊದಲು, ಲಗಾಮು, ಕಣ್ಣುಪಟ್ಟಿ ಆಮೇಲೆ. ಕುದುರೆಗಾಡಿಯವರಲ್ಲಿ ಈ ಕ್ರಮವನ್ನು ತಪ್ಪಿದವನಿಗೆ ಯಾರೂ ಕುದುರೆ ಕೊಡುವುದಿಲ್ಲ.

ಭಯಪಟ್ಟೇ ಬದುಕಿದ ನನಗೂ ಸಂತೋಷದ ದಿನಗಳಿದ್ದವು. ಅದನ್ನು ಮುಚ್ಚಿಟ್ಟರೆ ನಾನೂ ಸುಳ್ಳುಗಾರಳಾಗುತ್ತೇನೆ. ಬೆಳಗಿನ ಏರಿಯ ಮಣ್ಣು ನನ್ನ ಗೊರಸಿಗೆ ತಣ್ಣಗೆ ತಾಗುತ್ತಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬಿನ ಗದ್ದೆ. ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂದಾಗ ನನ್ನ ಹೆಜ್ಜೆ ತಾನಾಗಿಯೇ ಚುರುಕಾಗುತ್ತಿತ್ತು. ಗಾಡಿಯಲ್ಲಿ ಮಕ್ಕಳಿಗೆ ಮಾತ್ರ ಜಾಗ. ದೊಡ್ಡವರು ಪಕ್ಕದಲ್ಲಿ ನಡೆಯಬೇಕೆಂಬುದು ಖುದ್ದೂಸರ ಕಟ್ಟಪ್ಪಣೆ. ಅವರೂ ಉದ್ದನೆಯ ಲಗಾಮು ಹಿಡಿದು ನಡೆದೇ ಬರುತ್ತಿದ್ದರು.

ನಾಲೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಹೆಂಗಸರು ಕೂಗುತ್ತಿದ್ದರು: "ಏನ್ ಸಾಬ್ರೆ, ಗಾಡಿ ಎಳೀತಿರೋದು ಕುದ್ರೆಯೋ ನಾಯಿಯೋ?"

"ನಾಯಿ ಆಗಿದ್ರೆ ನಿಮ್ಮನ್ನ ನೋಡಿ ಬೊಗುಳ್ತಿರ್ಲಿಲ್ವೇನವ್ವ? ಇದು ಮರ್ಯಾದಸ್ಥರ ಮನೆ ಕುದ್ರೆ!"

ಅವರ ನಗು ನೀರಿನ ಮೇಲೆ ಬಹಳ ದೂರ ನಮ್ಮ ಜೊತೆಗೆ ಬರುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು. ಹಿಂದೆ ಬರುವ ಸದ್ದು ಎಂದರೆ ಖುದ್ದೂಸರು ಎಂದು ನಾನು ನಂಬಿಬಿಟ್ಟೆ.

ಆ ಭಾನುವಾರ ಬಂದವರು ಮೂವರು: ಶಾಲಾ ಉಪಾಧ್ಯಾಯಿನಿ ಪ್ರಮೀಳಾ, ಅವರ ಗಂಡ, ಎಂಟು ವರ್ಷದ ಮಗಳು ಚಿನ್ಮಯಿ. ಮಗು ಗಾಡಿಯಲ್ಲಿ ಕುಳಿತಿತ್ತು. ತೂಬಿನ ಬಳಿ, ಹುಣಸೆ ಮರದ ಕೆಳಗೆ ನಾವು ನಿಂತೆವು. ನಾಲೆಯ ಆಚೆಯ ದಡದಲ್ಲಿ ಸೈಕಲ್ ಸವಾರರು ನಾಲ್ವರು ನಿಂತು, "ಅಯ್ಯೋ, ಎಷ್ಟು ಮುದ್ದಾಗಿದೆ ನೋಡ್ರೋ!" ಎನ್ನುತ್ತಾ ಫೋನಿನಲ್ಲಿ ನನ್ನ ಚಿತ್ರ ಹಿಡಿಯುತ್ತಿದ್ದರು.

"ಯಜಮಾನ್ರೆ, ನಮ್ ಮೂರೂ ಜನದ್ದು ಒಂದ್ ಫೋಟೋ ತೆಗೀರಿ," ಎಂದರು ಗಂಡ.

"ಗಾಡಿ ಕಟ್ಟಿರೋವಾಗ ಕುದ್ರೆ ಬಿಟ್ಟು ಬರಕ್ಕಾಗಲ್ಲ ಸಾರ್."

"ನಾನ್ ಹಿಡ್ಕೋತೀನಲ್ರೀ. ನಮ್ಮನೇಲಿ ಎಮ್ಮೇನೇ ಸಾಕಿದ್ವಿ."

"ಎಮ್ಮೆ ಬೇರೆ ಸಾರ್."

"ತಾತಾ, ಪ್ಲೀಸ್, ಒಂದೇ ಒಂದು," ಎಂದಿತು ಮಗು.

ಖುದ್ದೂಸರು ಜೀವಮಾನದಲ್ಲಿ ಮಾಡಿದ ಒಂದೇ ತಪ್ಪು ಅದು. ಮಗುವಿನ ಮಾತಿಗೆ ಕರಗಿದರು. "ಇಲ್ಲಿ, ಕಡಿವಾಣದ ಹತ್ರ ಹಿಡೀರಿ. ಮಾತಾಡ್ತಾ ಇರಿ. ಇನ್ನೇನೂ ಮುಟ್ಬೇಡಿ," ಎಂದು ಗಂಡನಿಗೆ ಲಗಾಮು ಕೊಟ್ಟು, ಅವರ ಫೋನು ತೆಗೆದುಕೊಂಡು, ನನ್ನತ್ತಲೇ ನೋಡುತ್ತಾ ಹಿಮ್ಮುಖವಾಗಿ ನಡೆದು ದೂರ ಸರಿದರು. ಹತ್ತು ಹೆಜ್ಜೆ ಇರಬಹುದು. ಅವರ ಧ್ವನಿ ಮೊದಲ ಬಾರಿಗೆ ನನ್ನ ಹಿಂದೆ ಇರಲಿಲ್ಲ.

"ಪಾಪ, ಇದರ ಮುಖಾನೇ ಕಾಣ್ತಿಲ್ಲ," ಎಂದರು ಪ್ರಮೀಳಾ. "ಕಣ್ಣಿಗೆ ಪಟ್ಟಿ ಕಟ್ಟಿ ದುಡಿಸ್ತಾರೆ ನೋಡ್ರೀ. ಒಂದ್ ನಿಮಿಷ ಬಿಚ್ಚಿದ್ರೆ ಏನಾಗತ್ತೆ? ಫೋಟೋನೂ ಚೆನ್ನಾಗಿ ಬರತ್ತೆ."

ಅವರ ಬೆರಳುಗಳು ನನ್ನ ಗಂಟಲಿನ ಬಳಿಯ ಬಕಲ್ಲನ್ನು ಹುಡುಕಿದವು. ಮೃದುವಾದ ಬೆರಳುಗಳು; ನಾನು ಅನ್ಯಾಯವಾಗಿ ದೂರುವುದಿಲ್ಲ. "ಬೇಡಮ್ಮಾ! ಬೇಡ! ಅದು ಮುಟ್ಬೇಡಿ!" ಎಂದು ಖುದ್ದೂಸರು ಕೂಗಿದರು. ಅಷ್ಟರಲ್ಲಿ ಕಡಿವಾಣ, ಲಗಾಮು, ಕಣ್ಣುಪಟ್ಟಿ ಎಲ್ಲವೂ ಒಟ್ಟಾಗಿ ನನ್ನ ತಲೆಯಿಂದ ಜಾರಿ ಅವರ ಕೈಗೆ ಬಂದಿದ್ದವು.

ನಾನು ತಲೆ ತಿರುಗಿಸಿದೆ.

ಅದು ನನ್ನ ಬೆನ್ನಿಗೇ ಅಂಟಿ ನಿಂತಿತ್ತು. ಎರಡು ಉದ್ದ ತೋಳುಗಳಿಂದ ನನ್ನ ಪಕ್ಕೆಗಳನ್ನು ಹಿಡಿದಿತ್ತು. ದುಂಡನೆಯ ಎರಡು ಕಣ್ಣುಗಳಂತೆ ಚಕ್ರಗಳು. ಮೇಲೆ ಏನೋ ಅಲುಗಿತು. ನಾನು ಒಂದು ಹೆಜ್ಜೆ ಇಟ್ಟೆ. ಅದೂ ಒಂದು ಹೆಜ್ಜೆ ಇಟ್ಟಿತು. ನಾನು ಓಡಿದೆ, ಅದೂ ಓಡಿ ಬಂತು. ನಾನು ವೇಗ ಹೆಚ್ಚಿಸಿದಷ್ಟೂ ಅದರ ವೇಗ ಹೆಚ್ಚಿತು. ಓದುಗರೇ, ನಿಮ್ಮನ್ನು ಹಿಡಿದುಕೊಂಡೇ ನಿಮ್ಮನ್ನು ಅಟ್ಟಿಸಿಕೊಂಡು ಬರುವ ಪ್ರಾಣಿಯನ್ನು ನೀವು ಕಂಡಿದ್ದೀರಾ? ಅದು ಕಿರುಚುತ್ತಿತ್ತು. ಆ ಕಿರುಚು ಮಗುವಿನದೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಚಕ್ರವೊಂದು ಏರಿಯ ಗಡಿಕಲ್ಲಿಗೆ ಬಡಿಯಿತು. ಗಾಡಿ ಮಗುಚಿತು. ಚಿನ್ಮಯಿ ಗದ್ದೆಯ ಕೆಸರಿಗೆ ಎಸೆಯಲ್ಪಟ್ಟಳು. ಮುರಿದ ಮೂಕಿಯೊಂದಿಗೆ ನಾನು ನಾಲೆಗೆ ಜಾರಿದೆ. ಅರವತ್ತು ದಾಟಿದ ಖುದ್ದೂಸರು ಎಲ್ಲರಿಗಿಂತ ಮೊದಲು ಓಡಿ ಬಂದರು. ಮೊದಲು ಮಗುವನ್ನು ಎತ್ತಿ ತಾಯಿಯ ತೋಳಿಗೆ ಕೊಟ್ಟರು. ಆಮೇಲೆ ಚಪ್ಪಲಿಯ ಸಮೇತ ನೀರಿಗೆ ಹಾರಿ, ನನ್ನ ಗದ್ದವನ್ನು ತಮ್ಮ ಭುಜದ ಮೇಲೆ ಇಟ್ಟುಕೊಂಡರು. "ಏನಿಲ್ಲ ಬೇಟಾ, ನಾನೇ. ಈ ವಯಸ್ನಲ್ಲಿ ನಾಲೇಲಿ ಸ್ನಾನ ಮಾಡಿಸಿದ್ಯಲ್ಲ, ಮನೇಲಿ ಏನಂತ ಹೇಳ್ಲಿ ಹೇಳು," ಎಂದರು. ಅವರ ಹಲ್ಲುಗಳು ಕಟಕಟಿಸುತ್ತಿದ್ದವು. ಗಾಡಿಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುವಾಗಲೂ ಅವರು ಮಾತು ನಿಲ್ಲಿಸಲಿಲ್ಲ.

ಮಧ್ಯಾಹ್ನ ಮಗುವಿನ ಮುರಿದ ಕೈಗೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಪಟ್ಟು ಹಾಕಿಸಿಕೊಂಡು ಗಂಡಹೆಂಡಿರು ತೋಟಕ್ಕೆ ಮರಳಿದರು. ಚಿನ್ಮಯಿ ಔಷಧಿಯ ಮಂಪರಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಅಂಗಳದಲ್ಲಿ ಗೋಣಿ ಹೊದ್ದು ನಡುಗುತ್ತಿದ್ದೆ.

"ಕಣ್ಣುಪಟ್ಟಿ ಬಿಚ್ಚಿದ್ದು ಯಾರು?" ಎಂದು ಅರಸು ಅವರು ಕೇಳಿದರು. ಬೇರೇನನ್ನೂ ಕೇಳಲಿಲ್ಲ. ಕುದುರೆ ಬಲ್ಲವರಿಗೆ ಆ ಒಂದು ಪ್ರಶ್ನೆ ಸಾಕು.

"ನಮಗೇನ್ರೀ ಗೊತ್ತು ಅದೆಲ್ಲ?" ಎಂದರು ಗಂಡ. "ನಿಮ್ ಡ್ರೈವರೇ ಬಿಚ್ಚಿರ್ಬೇಕು. ನನ್ ಫೋನ್ ಬೇರೆ ಕಲ್ಲಿನ ಮೇಲೆ ಎಸೆದು ಓಡಿದ್ದಾರೆ, ನೋಡಿ ಗಾಜು ಹೇಗಾಗಿದೆ."

"ನಾನ್ ಬಿಚ್ಚಿಲ್ಲ ಸಾಹೇಬ್ರೆ," ಎಂದರು ಖುದ್ದೂಸರು. "ಆದ್ರೆ ಕೈ ಬಿಟ್ಟೋನು ನಾನೇ. ಅದು ಸುಳ್ಳಲ್ಲ."

ಅರಸು ಅವರು ಪ್ರಮೀಳಾ ಅವರ ಕಡೆ ತಿರುಗಿದರು. "ನೀವು ಟೀಚರ್ ಅಂತೀರಿ. ನೀವ್ ಹೇಳಿ ಅಮ್ಮಾ. ಇವ್ರು ಬಿಚ್ಚಿದ್ರಾ?"

ಸುಳ್ಳು ಹೇಳಬಾರದೆಂದು ನೂರಾರು ಮಕ್ಕಳಿಗೆ ಕಲಿಸಿದ ಬಾಯಿ ಅದು. ಅವರು ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ನನ್ನದೇ ಹೆದರಿಕೆಯನ್ನು ಕಂಡೆ. "ಗಲಾಟೇಲಿ ನಂಗೆ ಸರಿಯಾಗಿ ನೆನಪಿಲ್ಲ," ಎಂದು ಅವರು ಚೀಲದ ಜಿಪ್ಪನ್ನು ಎಳೆದರು.

ನೆನಪಿಲ್ಲ! ನನಗೆ ನೆನಪಿದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

"ನಲವತ್ತು ವರ್ಷ ಗಾಡಿ ಹೊಡೆದೋರು ನೀವು," ಎಂದರು ಅರಸು ಅವರು. "ನಿಮ್ ಮಾತು ನಂಬೋಣ ಅಂದ್ರೆ ಸಾಕ್ಷಿ ಇಲ್ಲ ಖುದ್ದೂಸ್. ನಾಳೆಯಿಂದ ಬರಬೇಡಿ." ಸಾಕ್ಷಿ ಇಲ್ಲದೆ ಖುದ್ದೂಸರನ್ನು ನಂಬಲಾರದವರು, ಸಾಕ್ಷಿ ಇಲ್ಲದೆಯೇ ಆ ಗಂಡಹೆಂಡಿರನ್ನು ನಂಬಿದರು. ಓದಿದವರ ಮಾತಿಗೂ ಟಾಂಗಾದವರ ಮಾತಿಗೂ ಬೇರೆ ಬೇರೆ ತಕ್ಕಡಿ ಇಟ್ಟುಕೊಂಡಿರುವ ನಿಮ್ಮ ನ್ಯಾಯವನ್ನು ನಾನು ಎಂದಿಗೂ ಒಪ್ಪಲಾರೆ.

ಖುದ್ದೂಸರು ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಅಷ್ಟು ಮಾತಿನ ಮನುಷ್ಯ ಒಂದು ಮಾತನ್ನೂ ಆಡದೆ ಹೋದರು.

ಇದು ನಡೆದು ಮೂರು ವರ್ಷ. ಅರಸು ಅವರು ನನ್ನನ್ನು ಮಾರಲಿಲ್ಲ; ಅದು ಅವರ ದೊಡ್ಡತನ. ಹುಲ್ಲಿನ ಕೊಟ್ಟಿಗೆಯ ಮೂಲೆ ಈಗ ನನ್ನದು. ಬೆನ್ನನ್ನು ಗೋಡೆಗೆ ಒತ್ತಿಯೇ ನಿಲ್ಲುತ್ತೇನೆ. ಗೋಡೆ ಓಡಿ ಬರುವುದಿಲ್ಲ. ತಳ್ಳುಗಾಡಿಯ ಚಕ್ರ ಕಿರುಗುಟ್ಟಿದರೂ ಮೈ ಬೆವರುತ್ತದೆ. ನನ್ನ ಜೂಲು ನರೆತಿದೆ.

ಕಳೆದ ವಾರ ಗೊರಸು ಕತ್ತರಿಸಲು ಬಂದ ನಾಗಣ್ಣ ಅರಸು ಅವರಿಗೆ ಹೇಳುತ್ತಿದ್ದ: "ಸಾಬ್ರಿಗೆ ಮೈಸೂರಲ್ಲಿ ಯಾರೂ ಕುದ್ರೆ ಕೊಡ್ತಿಲ್ಲ ಬುದ್ಧಿ. ಟಾಂಗಾ ಸ್ಟ್ಯಾಂಡ್‌ನಲ್ಲಿ ಎಲ್ರೂ 'ಬಕಲ್ ಸಾಬ್ರು' ಅಂತ ಆಡ್ಕೋತಾರೆ. ಈಗ ಆ ಕಡೆ ಬರೋದೇ ಬಿಟ್ಟವ್ರೆ. ಮನೇಲೂ ಮಾತಿಲ್ವಂತೆ."

ಅರಸು ಅವರು ನನ್ನ ಕಡೆ ನೋಡಿ, ನಿಧಾನವಾಗಿ ಹೇಳಿದರು: "ಅವತ್ತು ಕಂಡೋರು ಯಾರಾದ್ರೂ ಬಂದು ಒಂದ್ ಮಾತು ಹೇಳ್ಲಿ ನಾಗಣ್ಣ. ನಾನೇ ಅವ್ರ ಮನೆಗೆ ಹೋಗಿ ಕ್ಷಮೆ ಕೇಳಿ ಕರ್ಕೊಂಡ್ ಬರ್ತೀನಿ."

ಕಂಡವರು ಇದ್ದರು. ಆಚೆಯ ದಡದಲ್ಲಿ ನಾಲ್ವರಿದ್ದರು, ಕೈಯಲ್ಲಿ ಫೋನು ಹಿಡಿದಿದ್ದರು. ಅವರು ಯಾರೆಂದು ಖುದ್ದೂಸರಿಗೂ ತಿಳಿಯದು. ಸೇತುವೆ ಅರ್ಧ ಮೈಲಿಯಷ್ಟೇ ದೂರವಿತ್ತು. ಅದನ್ನು ದಾಟಿ ಯಾರೂ ಬರಲಿಲ್ಲ. ನಮಗೇಕೆ ಊರವರ ಉಸಾಬರಿ ಎಂದು ಪೆಡಲು ತುಳಿದು ಹೋದರು. ಕೈ ಮುರಿದ ಮಗುವಿಗೆ ಮೂಳೆ ಕೂಡಿತು. ಹೆಸರು ಮುರಿದ ಮನುಷ್ಯನಿಗೆ ಯಾವ ಪಟ್ಟು ಹಾಕುತ್ತೀರಿ?

ನನಗೆ ಬಹಳ ಕಾಲ ಉಳಿದಿಲ್ಲ, ಖುದ್ದೂಸರಿಗೂ ಇಲ್ಲ. ಆ ನಾಲ್ವರಲ್ಲಿ ನೀವೊಬ್ಬರಾಗಿದ್ದರೆ, ಈ ಪುಟವನ್ನು ಮಡಿಸಿಟ್ಟು ನಿಮ್ಮ ಫೋನನ್ನು ತೆರೆಯಿರಿ. ಹುಣಸೆ ಮರದ ಕೆಳಗೆ ಯಾರ ಕೈ ನನ್ನ ಗಂಟಲಿನ ಬಳಿ ಇದೆಯೆಂದು ನೋಡಿ. ಅರಸು ಅವರು ದಿನವೂ ಬೆಳಿಗ್ಗೆ ಎಂಟಕ್ಕೆ ತೋಟದ ಗೇಟಿನ ಬಳಿಯೇ ಇರುತ್ತಾರೆ. ಬಂದು ಅವರಿಗೆ ಅದನ್ನು ತೋರಿಸಿ.