ರೊಟ್ಟಿಯ ಮೇಲಿನ ಆಣೆ

ಬೆಳಗಿನ ಚಹಾಕ್ಕೆ ಆ ಮನೆಯವರೆಲ್ಲ ನೆಲಕ್ಕೆ ಹಾಸಿದ ಊಟದ ಬಟ್ಟೆ, ಒಂದೇ ದಸ್ತರಖಾನದ ಸುತ್ತ ಕೂರುತ್ತಿದ್ದರು. ಮುದುಕಿ ಸನವ್ಬರ್ ದೇವರ ಹೆಸರು ಹೇಳಿ ರೊಟ್ಟಿ ಮುರಿಯುವಳು. ಸೊಸೆ ನಿಗೋರಾ ಚಹಾ ಬಗ್ಗಿಸುವಳು. ಮಗ ಅಸ್ಲಿದ್ದೀನ್, ಊರಿನ ಪೊಲೀಸ್ ಕಪ್ತಾನ, ಬಟ್ಟಲನ್ನು ಬಾಯಿಗೆ ಒಯ್ಯುವಷ್ಟರಲ್ಲಿ ತೂಕಡಿಸುವನು. ಚಹಾ ಸಮವಸ್ತ್ರದ ಮೇಲೆ ಚೆಲ್ಲುವುದು. ನಿಗೋರಾ ಒರೆಸುವಳು.

ಯಾರಾದರೂ ಕೇಳಿದರೆ, "ಸಕ್ಕರೆ ಕಾಯಿಲೆ, ಪಾಪ" ಎಂದು ಹೇಳುವುದು ಮನೆಯ ರೂಢಿಯಾಗಿತ್ತು. ಸೂಜಿಗಳು ಏಕೆ, ತೋಳಿನ ಮೇಲೆ ಕಲೆಗಳು ಏಕೆ, ಎಲ್ಲಕ್ಕೂ ಅದೊಂದೇ ಉತ್ತರ. ಓಣಿಯವರು ನಂಬಿದರು. ಹಿಪ್ಪುನೇರಳೆ ಎಲೆಯ ಕಷಾಯ ತಂದುಕೊಟ್ಟರು. ಕಪ್ತಾನನ ಸ್ವಂತ ಮಗಳ ನಿಶ್ಚಿತಾರ್ಥದಲ್ಲೂ ಅವನ ಮುಂದಿನಿಂದ ಹಲ್ವಾದ ತಟ್ಟೆಯನ್ನು ಎಳೆದುಕೊಂಡರು. ಸಿಹಿಯೆಂದರೆ ಪ್ರಾಣ ಬಿಡುವ ಅವನು ಬಾಯಲ್ಲಿ ನೀರೂರಿಸಿಕೊಂಡು ನೋಡುತ್ತ ಕುಳಿತ. ತಾನು ಹೇಳಿದ ಸುಳ್ಳಿಗೆ ತಾನೇ ಪಥ್ಯ ಮಾಡಬೇಕಾಯಿತು.

ನಿಗೋರಾ ಮನೆಯ ಹಿರಿಯರ ಮುಂದೆ ಒಮ್ಮೆ ಬಾಯಿ ಬಿಟ್ಟಿದ್ದಳು. "ಇವರನ್ನ ನಶೆ ಬಿಡಿಸೋ ಆಸ್ಪತ್ರೆಗೆ ಸೇರಿಸೋಣ."

ಸನವ್ಬರಳ ಮೈದುನ ಹಾಜಿ ಅಬ್ದುವಾಲಿ ಗಡ್ಡ ನೀವಿಕೊಂಡ. "ಅಲ್ಲಿ ಹೆಸರು ಬರೆಸಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಹುಡುಗಿ ಮದುವೆ ಮುರಿದುಬೀಳುತ್ತೆ. ಬರೆಸ್ತೀಯಾ?"

"ಬರೆಸದಿದ್ರೆ ಇವರು ಗೋರಿಗೆ ಇಳೀತಾರೆ, ಮಾವ."

"ಗೋರಿಗೆ ಇಳಿದ್ರೆ ಊರೇ ಬಂದು ಹೆಗಲು ಕೊಡುತ್ತೆ. ಆಸ್ಪತ್ರೆಗೆ ಹೋದ್ರೆ ಯಾರು ಬರ್ತಾರೆ?"

ಹಾಜಿ ಕೆಟ್ಟವನಲ್ಲ. ಐದು ಹೊತ್ತು ನಮಾಜು ಬಿಡದವನು. ಆದರೂ ಹೀಗೆ ಹೇಳಿದ. ಸನವ್ಬರ್ ಹೌದೆಂದು ತಲೆಯಾಡಿಸಿದಳು. ಮಾನ ಮುಚ್ಚುತ್ತೇವೆಂದು ಮನುಷ್ಯನನ್ನೇ ಮುಚ್ಚುವ ಈ ಪದ್ಧತಿ ಎಷ್ಟು ಒಳ್ಳೆಯವರ ಕೈಯಿಂದ ನಡೆಯುತ್ತದೆ!

ಹಿಡಿದ ಹೆರಾಯಿನನ್ನು ಪೊಲೀಸರು ವರ್ಷಕ್ಕೊಮ್ಮೆ ಊರಾಚೆಯ ಇಟ್ಟಿಗೆ ಗೂಡಿನಲ್ಲಿ, ಹಿರಿಯರ ಎದುರಿಗೆ ಸುಡುವರು. ಆ ಸಲ ಅಸ್ಲಿದ್ದೀನನದೇ ಭಾಷಣ. "ಈ ವಿಷ ನಮ್ಮ ಮಕ್ಕಳನ್ನ..." ಎಂದು ಆರಂಭಿಸಿದವನು ನಿಂತಲ್ಲೇ ಕಣ್ಣು ಮುಚ್ಚಿದ. ದುಃಖ ಉಕ್ಕಿ ಬಂದಿರಬೇಕೆಂದು ಜನ ಚಪ್ಪಾಳೆ ತಟ್ಟಿದರು. ಚೀಲಗಳನ್ನು ಬೆಂಕಿಗೆ ಎಸೆದರು.

ಸ್ವಲ್ಪ ಹೊತ್ತಿಗೆ ಘಮಘಮ ವಾಸನೆ ಎದ್ದಿತು. ಎರಡು ನಾಯಿಗಳು ಬಾಲ ಅಲ್ಲಾಡಿಸುತ್ತ ಬಂದವು.

"ಯಾರಪ್ಪ ರೊಟ್ಟಿ ಸುಡ್ತಿರೋದು? ಹಸಿವಾಗ್ತಿದೆ," ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು. ಸುಡುವುದನ್ನು ನೋಡಲು ಬಂದಿದ್ದ ದೊಡ್ಡ ಪೊಲೀಸ್ ಅಧಿಕಾರಿಯೂ ನಕ್ಕ. ಆಮೇಲೆ ನಗು ನಿಲ್ಲಿಸಿ ಗೂಡಿನತ್ತ ನೋಡಿದ.

ಹೆಂಗಸರ ಸಾಲಿನಲ್ಲಿದ್ದ ಸನವ್ಬರಳಿಗೆ ಮಾತ್ರ ನಗು ಬರಲಿಲ್ಲ. ಅನಾಥಾಲಯಕ್ಕೆ ದಾನವೆಂದು ಹೇಳಿ ಮಗ ಮನೆಯ ಗೋಧಿಹಿಟ್ಟನ್ನು ಹೊತ್ತೊಯ್ದಿದ್ದ. ಅವಳೇ ಜರಡಿ ಹಿಡಿದು, ದುವಾ ಹೇಳಿ ಕಳಿಸಿದ್ದಳು. ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನೂ ಕಣ್ಣಿಗೊತ್ತಿಕೊಳ್ಳುವವಳು ಅವಳು. ಈಗ ಆ ಚೀಲಗಳಲ್ಲಿ ಹೆರಾಯಿನಿನ ಬದಲು ಅದೇ ಹಿಟ್ಟು, ದೇವರ ಅನ್ನ, ಉರಿಯುತ್ತಿತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹಿಡಿದ ಮಾಲು ಇಡುವ ಠಾಣೆಯ ಉಗ್ರಾಣ ಕಾಯುತ್ತಿದ್ದ ಖೈರುಲ್ಲೊನನ್ನು ಅಂದೇ ಹಿಡಿದರು. ಬೀಗದ ಕೈ ಅವನ ಬಳಿ ಇತ್ತು. ಕಪ್ತಾನರೇ ಅದನ್ನು ಕೇಳಿ ಪಡೆಯುತ್ತಿದ್ದರೆಂದು ಅವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆಚೆ ಓಣಿಯ ವಿಧವೆ ಓಯ್ಶಾಳ ಒಬ್ಬನೇ ಮಗ ಅವನು.

ಆ ಊರಲ್ಲಿ ತಾಯಿಯೊಬ್ಬಳು ರೊಟ್ಟಿ ಮುಟ್ಟಿ ಆಣೆ ಇಟ್ಟರೆ ಮತ್ತೆ ಪ್ರಶ್ನೆಯಿಲ್ಲ. ಹಾಜಿ ಅದನ್ನೇ ಹಿಡಿದ. ವಿಚಾರಣೆಯ ಅಧಿಕಾರಿಯನ್ನೂ ಓಯ್ಶಾಳನ್ನೂ ಹಿರಿಯರನ್ನೂ ಮನೆಗೇ ಕರೆಸಿದ. ದಸ್ತರಖಾನದ ನಡುವೆ ಒಂದು ರೊಟ್ಟಿ ಇಟ್ಟ.

"ಅತ್ತಿಗೆ, 'ನನ್ನ ಮಗ ಶುದ್ಧ' ಅನ್ನಿ. ಎರಡೇ ಮಾತು. ಆಮೇಲೆ ಪಲಾವ್ ತಿನ್ನೋಣ."

"ಖೈರುಲ್ಲೊ ಏನಾಗ್ತಾನೆ?" ಎಂದಳು ನಿಗೋರಾ.

"ನೀನು ಅಡುಗೆಮನೆ ನೋಡ್ಕೋಮ್ಮ."

ಅಸ್ಲಿದ್ದೀನ್ ಬೆವರುತ್ತ ಮೂಗು ಒರೆಸಿಕೊಳ್ಳುತ್ತಿದ್ದ. ಮೊಣಕಾಲು ತಾನಾಗಿ ಕುಣಿಯುತ್ತಿತ್ತು. "ಬೇಗ ಹೇಳ್ಬಿಡಮ್ಮ. ಕೂರೋಕಾಗ್ತಿಲ್ಲ ನಂಗೆ."

ಸನವ್ಬರ್ ಕೈ ಚಾಚಿದಳು. ಹೇಳಿದರೆ ಓಯ್ಶಾಳ ಮಗ ಸೆರೆಗೆ, ಹೇಳದಿದ್ದರೆ ತನ್ನ ಮಗ. ಎದುರಿಗೆ ಓಯ್ಶಾ ಕಣ್ಣೆತ್ತದೆ ಕುಳಿತಿದ್ದಳು. ಬೇಡಿಕೊಳ್ಳಲೂ ಇಲ್ಲ, ಶಪಿಸಲೂ ಇಲ್ಲ. ತಾಯಿಯ ಆಣೆಯನ್ನು ಅವಳೂ ನಂಬುವವಳೇ. ಈಗ ಸನವ್ಬರ್ ಹೇಳಿಬಿಟ್ಟರೆ, ಅವಳು ಮನೆಗೆ ಹೋಗಿ ತನ್ನ ಮಗನೇ ಕಳ್ಳನೆಂದು ನಂಬಿ ಅಳುವಳು.

ಸನವ್ಬರ್ ಕೈ ಹಿಂತೆಗೆದಳು.

"ಹಿಟ್ಟು ನಮ್ಮನೇದು," ಎಂದಳು. "ನಾನೇ ಜರಡಿ ಹಿಡಿದಿದ್ದೆ. ತೊಗೊಂಡು ಹೋದವನು ಇವನು. ಓಯ್ಶಾನ ಮಗನ್ನ ಬಿಡಿ, ಸಾಹೇಬರೇ. ನನ್ನ ಮಗ ನಶೆ ಮಾಡ್ತಾನೆ."

ಪಲಾವಿನ ವಾಸನೆ ಒಳಗಿನಿಂದ ಬರುತ್ತಿತ್ತು.

"ಮುದುಕಿಗೆ ತಲೆ ಕೆಟ್ಟಿದೆ," ಎಂದ ಹಾಜಿ.

"ಕೊಂದೆಯಲ್ಲಮ್ಮ ನನ್ನ," ಎಂದ ಅಸ್ಲಿದ್ದೀನ್.

"ಇಷ್ಟು ದಿನ ಕೊಲ್ತಿದ್ದೆ ಕಣಪ್ಪ. ಇವತ್ತು ಬಿಟ್ಟೆ." ಅವಳು ಅಧಿಕಾರಿಯತ್ತ ತಿರುಗಿದಳು. "ಸೆರೆಗೆ ಹಾಕೋದಾದ್ರೆ ಹಾಕಿ. ಮೊದಲು ವೈದ್ಯರಿಗೆ ತೋರಿಸಿ. ಎಲ್ಲಿ ಹೆಸರು ಬರೆಸ್ಬೇಕೋ ಹೇಳಿ, ನಾನೇ ಬಂದು ಬರೆಸ್ತೀನಿ."

ಎರಡು ಮಾತು ಕೇಳಿ ಹೊರಡಲು ಬಂದಿದ್ದ ಅಧಿಕಾರಿ ಟೋಪಿಯನ್ನು ಮತ್ತೆ ಕೆಳಗಿಟ್ಟ. ಹಾಜಿ ಎದ್ದ, ಅವನ ಹಿಂದೆ ಹಿರಿಯರೆಲ್ಲ ಎದ್ದರು. ಯಾರೂ ಊಟ ಮುಟ್ಟಲಿಲ್ಲ. "ಈ ಮನೆ ಸಾವಿಗೂ ಬರೋಲ್ಲ," ಎಂದು ಹಾಜಿ ಬಾಗಿಲಲ್ಲಿ ಹೇಳಿ ಹೋದ. ನಿಗೋರಾ ಗಂಡನ ಕೋಟು ತಂದು ಅವನ ನಡುಗುವ ಹೆಗಲಿಗೆ ಹೊದಿಸಿದಳು.

ಓಯ್ಶಾ ಎಲ್ಲರಿಗಿಂತ ಕೊನೆಗೆ ಎದ್ದಳು. ಸನವ್ಬರ್ ಮಗನ ಜೊತೆ ಠಾಣೆಗೆ ಹೊರಡುವವಳಿದ್ದಳು. ಓಯ್ಶಾ ಹೊಸ್ತಿಲ ಬಳಿ ಬಗ್ಗಿ, ಗೌರವದ ಅತಿಥಿಗೆ ಮಾಡುವಂತೆ ಆ ಮುದುಕಿಯ ಜೋಡುಗಳನ್ನು ಎತ್ತಿ, ಅವುಗಳ ಮೊನೆ ಹೊರಕ್ಕೆ ತಿರುಗಿಸಿ, ಕಾಲಿಗೆ ಸಿಗುವಂತೆ ಇಟ್ಟಳು.